ಆನೆಮರಿ ಕ್ರೋಶಾ ಕಿಟ್ ತಗೊಳ್ಳೋ ಮೊದಲು ಇದನ್ನು ಓದಿ

‘ಒಂದೇ ವಾರಾಂತ್ಯದಲ್ಲಿ ಮುದ್ದಾದ ಆನೆಮರಿ ನಿಮ್ಮ ಕೈಯಲ್ಲಿ’ ಅಂತ ಒಂದು ಕ್ರೋಶಾ ಕಿಟ್ಟಿನ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಉಲ್ಲನ್ ಹೆಣೆಯೋ ಸಾಮಾನಿನ ಡಬ್ಬಿಯ, ಜಾಹೀರಾತು ಓಡಾಡುತ್ತಿದೆ. ಬೂದು ಬಣ್ಣದ ಆನೆ, ಕುತ್ತಿಗೆಗೆ ಕೆಂಪು ಮಫ್ಲರ್, ಹೊಳೆಯೋ ಎರಡು ಕರಿ ಕಣ್ಣು. ನೋಡಿದರೆ ಯಾರಿಗಾದರೂ ಬೇಕು ಅನಿಸುತ್ತೆ. ತಗೋಬೇಡಿ. ಅದರ ಜೊತೆ ಬರೋ ಪ್ಯಾಟರ್ನ್ ಹಾಳೆಯಲ್ಲಿ, ಅಂದರೆ ಹೆಣೆಯೋ ಕ್ರಮದ ಹಾಳೆಯಲ್ಲಿ, ಬರೆದ ಹಾಗೆ ಹೆಣೆದರೆ ಆ ಆನೆ ಬರಲ್ಲ. ನಿಮ್ಮ ಕೈಯಲ್ಲಿ ಅಂತಲ್ಲ, ಯಾರ ಕೈಯಲ್ಲೂ ಬರಲ್ಲ.

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಲ್ಲಲ್ಲಿ ಹೇಳಿದ್ದೇ ಹೇಳಿದ್ದರೆ ಸಹಿಸಿಕೊಳ್ಳಿ.

ನಾನು ಕ್ರೋಶಾಕ್ಕೆ ಹೊಸಬಳಲ್ಲ. ಟೋಪಿ, ಶಾಲು, ಟೇಬಲ್ ಮ್ಯಾಟ್ ಎಲ್ಲ ಹಾಕಿದ್ದೇನೆ. ಅಮಿಗುರುಮಿ ಅಂತಾರಲ್ಲ, ಜಪಾನಿನಿಂದ ಬಂದ ಈ ಪುಟ್ಟ ಪುಟ್ಟ ಪ್ರಾಣಿಗಳು, ಅವನ್ನೂ ಮಾಡಿದ್ದೇನೆ. ಅಂಗೈಯಷ್ಟು ದೊಡ್ಡ ಗೊಂಬೆ ಶನಿವಾರ, ಭಾನುವಾರದಲ್ಲಿ ಮುಗಿಯೋದು ಕಷ್ಟವೇನಲ್ಲ. ಹಾಗಾಗಿ ಅಕ್ಕನ ಮಗಳಿಗೆ ಆ ಫೋಟೋ ತೋರಿಸಿ, ಸೋಮವಾರ ನಿನ್ನ ಆನೆ ಬರುತ್ತೆ ಅಂದಿದ್ದೆ. ನಾನು ತರಿಸಿದ್ದು ನೋಡಿ ಒಬ್ಬ ಗೆಳತಿಯೂ ಅದೇ ಕಿಟ್ ತರಿಸಿಕೊಂಡಳು. ಅವಳು ಕಡ್ಡಿ ಹಿಡಿದಿದ್ದೇ ಮೊದಲ ಸಲ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಜಾಸ್ತಿ ಉರಿದಿದ್ದೇ ಅಲ್ಲಿ.

ಡಬ್ಬಿ ಚೆನ್ನಾಗಿಯೇ ಇತ್ತು. ಉಲ್ಲನ್ ಉಂಡೆಗಳು, ಕಡ್ಡಿ, ಪ್ಲಾಸ್ಟಿಕ್ ಕಣ್ಣು, ತುಂಬೋಕೆ ಫೈಬರ್, ಸುತ್ತಿನ ಗುರುತಿಗೆ ಸಿಕ್ಕಿಸೋ ಸ್ಟಿಚ್ ಮಾರ್ಕರ್, ಪ್ಯಾಟರ್ನ್ ಹಾಳೆ. ಕಡ್ಡಿ 4 ಮಿ.ಮೀ. ನೋಡಿದ ತಕ್ಷಣ ಒಂಥರಾ ಅನಿಸಿತು. ಉಲ್ಲನ್ ಪಟ್ಟಿಯ ಮೇಲೂ 4 ಮಿ.ಮೀ. ಅಂತಲೇ ಇತ್ತು, ಆದರೆ ಆ ಅಳತೆ ಸ್ವೆಟರು, ಶಾಲಿಗೆ. ಅದೇ ಉಲ್ಲನ್‌ನಲ್ಲಿ ಗೊಂಬೆ ಮಾಡೋರು 2.5 ಅಥವಾ 3 ಮಿ.ಮೀ. ಕಡ್ಡಿ ಹಿಡಿಯುತ್ತಾರೆ. ಹೆಣಿಗೆ ಬಿಗಿಯಾಗಿ ಬರಬೇಕು. ಇಲ್ಲಾಂದ್ರೆ ತುಂಬಿದ ಮೇಲೆ ಸ್ಟಿಚ್ಚುಗಳ ಸಂದಿಯಲ್ಲಿ ಬಿಳಿ ಫೈಬರ್ ಇಣುಕುತ್ತೆ. ನಾನು ನನ್ನದೇ 3 ಮಿ.ಮೀ. ಕಡ್ಡಿ ತಗೊಂಡೆ. ಹೊಸಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ತಲೆ ಶುರು ಮಾಡಿದೆ. ಮ್ಯಾಜಿಕ್ ರಿಂಗ್‌ನಲ್ಲಿ, ಅಂದರೆ ಎಳೆದರೆ ಬಿಗಿಯಾಗೋ ದಾರದ ಕುಣಿಕೆಯಲ್ಲಿ, 6 ಸ್ಟಿಚ್. ಎರಡನೇ ಸುತ್ತಿಗೆ 12, ಆಮೇಲೆ 18, 24, 30. ಇಲ್ಲಿಯವರೆಗೆ ಸಾಮಾನ್ಯವಾಗಿ ಪ್ಯಾಟರ್ನ್‌ಗಳಲ್ಲಿ ಇದೇ ಇರುತ್ತೆ, ಕಣ್ಣು ಮುಚ್ಚಿಕೊಂಡು ಹಾಕಬಹುದು. ಆರನೇ ಸುತ್ತಿನಲ್ಲಿ ಹೀಗೆ ಬರೆದಿತ್ತು: ನಾಲ್ಕು ಸಿಂಗಲ್ ಕ್ರೋಶಾ, ಒಂದು ಇನ್‌ಕ್ರೀಸ್, ಹೀಗೇ ಆರು ಸಲ, ಒಟ್ಟು 42. ಸಿಂಗಲ್ ಕ್ರೋಶಾ ಅಂದರೆ ಮಾಮೂಲಿ ಗಿಡ್ಡ ಸ್ಟಿಚ್, ಇನ್‌ಕ್ರೀಸ್ ಅಂದರೆ ಒಂದೇ ಸ್ಟಿಚ್ಚಿನಲ್ಲಿ ಎರಡು ಹಾಕೋದು.

ನನಗೆ 36 ಬಂತು.

ಬಿಚ್ಚಿದೆ. ಮತ್ತೆ ಹಾಕಿದೆ. ಮಾರ್ಕರ್ ಸಿಕ್ಕಿಸಿ, ಬಾಯಿಬಿಟ್ಟು ಎಣಿಸುತ್ತಾ ಹಾಕಿದೆ. ಮತ್ತೆ 36. ಹಾಳೆಯಲ್ಲಿ 42 ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ, ಹಾಗಿದ್ದ ಮೇಲೆ ನನ್ನದೇ ತಪ್ಪು ಅಂತಲೇ ಅನಿಸೋದು. ಕೊನೆಗೆ ಪೆನ್ನು ತಗೊಂಡು ಕೂತೆ. ಹಿಂದಿನ ಸುತ್ತಿನಲ್ಲಿ 30 ಸ್ಟಿಚ್ ಇದೆ. ನಾಲ್ಕು ಸಿಂಗಲ್ ಮತ್ತು ಒಂದು ಇನ್‌ಕ್ರೀಸ್‌ಗೆ ಐದು ಸ್ಟಿಚ್ ಖರ್ಚು. ಆರು ಸಲಕ್ಕೆ ಸರಿಯಾಗಿ 30. ಪ್ರತಿ ಸಲವೂ ಒಂದು ಹೆಚ್ಚುತ್ತೆ, ಅಲ್ಲಿಗೆ 36. ದೇವರೇ ಬಂದು ಹಾಕಿದರೂ 36. ನಾಲ್ಕನೇ ಕ್ಲಾಸಿನ ಲೆಕ್ಕ ಇದು.

ಮುಂದಿನ ಸುತ್ತುಗಳೆಲ್ಲ ಆ 42ರ ಮೇಲೆಯೇ ನಿಂತಿವೆ. ತಲೆ ಸಣ್ಣದು ಮಾಡೋವಾಗ ‘ಐದು ಸಿಂಗಲ್, ಒಂದು ಡಿಕ್ರೀಸ್, ಆರು ಸಲ’ ಅಂತಿದೆ. ಡಿಕ್ರೀಸ್ ಅಂದರೆ ಎರಡು ಸ್ಟಿಚ್ ಸೇರಿಸಿ ಒಂದು ಮಾಡೋದು, ಹಾಗಾಗಿ ಒಂದು ಸಲಕ್ಕೆ ಏಳು ಸ್ಟಿಚ್ ಬೇಕು. 36ರಲ್ಲಿ ಐದು ಸಲ ಆಗುತ್ತೆ, ಒಂದು ಸ್ಟಿಚ್ ಉಳಿದು ನಮ್ಮ ಮುಖ ನೋಡುತ್ತೆ.

ಅಚ್ಚಿನ ತಪ್ಪಿರಬಹುದು ಅಂದುಕೊಂಡು ಮಾರಿದವರಿಗೆ ಮರ್ಯಾದೆಯಿಂದಲೇ ಮೆಸೇಜ್ ಹಾಕಿದೆ. ನಡುವೆ ಒಂದು ಸುತ್ತು ಬಿಟ್ಟುಹೋಗಿದೆಯಾ, ನೋಡಿ ಹೇಳ್ತೀರಾ ಅಂತ. ತಕ್ಷಣ ಉತ್ತರ ಬಂತು.

“ಮೇಡಂ, ಪ್ಯಾಟರ್ನ್ ಪಕ್ಕಾ ಇದೆ. ನೂರಾರು ಕಸ್ಟಮರ್ಸ್ ಮಾಡಿ ಖುಷಿಪಟ್ಟಿದ್ದಾರೆ. ನಿಧಾನವಾಗಿ ಎಣಿಸಿ ನೋಡಿ.” ಕೊನೆಯಲ್ಲಿ ಒಂದು ನಗೋ ಮುಖ.

ಮೇಲೆ ಬರೆದ ಲೆಕ್ಕವನ್ನೆಲ್ಲ ಬಿಡಿಸಿ ಬರೆದು, ಪಕ್ಕದಲ್ಲಿ ಫೋಟೋ ಇಟ್ಟು ಕಳಿಸಿದೆ. ಅದಕ್ಕೆ ಬಂದ ಉತ್ತರ ನೋಡಿ:

“ಮೇಡಂ, ನಿಮ್ಮ ಕೈ ಬಿಗಿ ಇರಬಹುದು. ಸ್ವಲ್ಪ ಸಡಿಲ ಬಿಟ್ಟು ಹಾಕಿ.”

ಕೈ ಬಿಗಿ! ಕೈ ಬಿಗಿಯಾದರೆ ಗೊಂಬೆ ಚಿಕ್ಕದಾಗುತ್ತೆ, ಒಪ್ಪೋಣ. ಸ್ಟಿಚ್ಚಿನ ಲೆಕ್ಕ ಕಮ್ಮಿ ಆಗುತ್ತಾ? ಕಡ್ಡಿ ಹಿಡಿದವರು ಯಾರೂ ಈ ಮಾತು ಆಡಲ್ಲ. ಅಲ್ಲೇ ನನಗೆ ಅನುಮಾನ ಬಂತು. ಆದರೂ ಹಟ. ನಾನೇ ಒಂದು ಸುತ್ತು ಸೇರಿಸಿ 42 ಮಾಡಿಕೊಂಡು ಮುಂದೆ ಹೋದೆ. ಅಕ್ಕನ ಮಗಳಿಗೆ ಮಾತು ಕೊಟ್ಟಾಗಿತ್ತಲ್ಲ.

ಈಗ ಕಣ್ಣಿನ ವಿಷಯ. ಮೋಸ ಅಂತ ಗೊತ್ತಾಗಿದ್ದು ಅಲ್ಲೇ.

ಹಾಳೆಯಲ್ಲಿದ್ದಿದ್ದು ಇದು: “ತಲೆಗೆ ಫೈಬರ್ ತುಂಬಿ. ತೂತು ಮುಚ್ಚಿ, ದಾರ ಕತ್ತರಿಸಿ, ತುದಿಯನ್ನು ಒಳಗೆ ಸೇರಿಸಿ. ಈಗ ಸೇಫ್ಟಿ ಕಣ್ಣುಗಳನ್ನು ಕೂರಿಸಿ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೇಫ್ಟಿ ಕಣ್ಣು ಅಂದರೆ ಎರಡು ಭಾಗ. ಒಂದು, ಹಿಂದೆ ಗೀರು ಗೀರಾದ ಕಡ್ಡಿ ಇರೋ ಗುಂಡಗಿನ ಕಣ್ಣು. ಇನ್ನೊಂದು, ಅದನ್ನು ಒಳಗಿನಿಂದ ಹಿಡಿದುಕೊಳ್ಳೋ ವಾಷರ್ ಅನ್ನೋ ಬಿಲ್ಲೆ. ಆ ಕಡ್ಡಿಯನ್ನು ಹೊರಗಿನಿಂದ ಚುಚ್ಚಬೇಕು, ತಲೆಯ ಒಳಗೆ ಕೈ ಹಾಕಿ ವಾಷರನ್ನು ಅದಕ್ಕೆ ಒತ್ತಬೇಕು. ಟಕ್ ಅಂತ ಕೂತರೆ ಮತ್ತೆ ಬರಲ್ಲ. ಅಂದರೆ ತಲೆ ತೆರೆದಿರುವಾಗಲೇ ಕೂರಿಸಬೇಕು. ಮುಚ್ಚಿ ದಾರ ಕತ್ತರಿಸಿದ ಮೇಲೆ ವಾಷರ್ ಒಳಗೆ ಹಾಕೋದು ಎಲ್ಲಿಂದ?

ಇದನ್ನು ಬರೆದವರು ಒಂದೇ ಒಂದು ಗೊಂಬೆಗೂ ಕಣ್ಣು ಇಟ್ಟಿಲ್ಲ. ಕೈಯಲ್ಲಿ ಮಾಡಿದವರು ಹತ್ತು ತಪ್ಪು ಮಾಡಬಹುದು, ಈ ತಪ್ಪು ಮಾಡಲ್ಲ. ಯಾರೂ ಹೆಣೆದು ನೋಡದ ಹಾಳೆಯನ್ನು ನನಗೆ ಮಾರಿದ್ದಾರೆ. ನಾನು ಅದರ ಮುಂದೆ ಕೂತು ನನ್ನ ಎಣಿಕೆಯನ್ನೇ ಅನುಮಾನಿಸಿಕೊಂಡು ಬಿಚ್ಚಿದ್ದೇನೆ, ಹಾಕಿದ್ದೇನೆ, ಬಿಚ್ಚಿದ್ದೇನೆ. ಮೈಯೆಲ್ಲ ಉರಿದುಹೋಯಿತು.

ಇದನ್ನೂ ಕೇಳಿದೆ. ಉತ್ತರ: “ಕಣ್ಣಿಗೆ ಗಮ್ ಹಾಕಿ ಅಂಟಿಸಿ ಮೇಡಂ, ತುಂಬಾ ಜನ ಹಾಗೇ ಮಾಡ್ತಾರೆ.”

ಅದೇ ಡಬ್ಬಿಯ ಮೇಲೆ ಏನು ಬರೆದಿದೆ ಗೊತ್ತಾ? ‘ಹಸುಗೂಸಿಗೂ ಸುರಕ್ಷಿತ.’ ಹೆಸರಲ್ಲಿ ಸೇಫ್ಟಿ ಇದ್ದರೂ ಈ ಪ್ಲಾಸ್ಟಿಕ್ ಕಣ್ಣುಗಳನ್ನು 3 ವರ್ಷದ ಒಳಗಿನ ಮಕ್ಕಳ ಗೊಂಬೆಗೆ ಇಡಬಾರದು. ಕಿತ್ತು ಬಂದರೆ ನೇರ ಬಾಯಿಗೆ. ಅಷ್ಟು ಚಿಕ್ಕ ಮಕ್ಕಳಿಗೆ ದಾರದಲ್ಲೇ ಕಣ್ಣು ಹೊಲಿಯಬೇಕು. ಇನ್ನು 4 ಮಿ.ಮೀ. ಕಡ್ಡಿಯ ಸಡಿಲ ಹೆಣಿಗೆಯಲ್ಲಿ ವಾಷರ್ ಸಮೇತ ಕಣ್ಣು ಹೊರಗೆ ಬರೋಕೆ ಒಂದು ಎಳೆತ ಸಾಕು. ಇವರು ಗಮ್ ಹಾಕಿ ಅಂತಾರೆ.

ಆಮೇಲೆ ಜಾಹೀರಾತಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸಿಂಗಲ್ ಕ್ರೋಶಾವನ್ನು ಸುತ್ತಿ ಸುತ್ತಿ ಹಾಕಿದಾಗ ಸ್ಟಿಚ್ಚುಗಳು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯುತ್ತಾ ಹೋಗುತ್ತವೆ. ಆ ಆನೆಯ ಮೈಮೇಲೆ ಮೇಲಿಂದ ಕೆಳಗೆ ನೆಟ್ಟಗೆ ಜಡೆ ಹಾಕಿದ ಹಾಗಿದೆ. ಅದು ಎರಡು ಕಡ್ಡಿಯ ನಿಟ್ಟಿಂಗ್‌ನ ಲಕ್ಷಣ, ಕ್ರೋಶಾದ್ದಲ್ಲ. ಕಿವಿ ಕೆನ್ನೆಗೆ ಸೇರೋ ಕಡೆ ಹೊಲಿದ ಗುರುತೇ ಇಲ್ಲ, ಉಲ್ಲನ್ ಹಾಗೇ ಕರಗಿ ಕೆನ್ನೆಯಾಗಿಬಿಟ್ಟಿದೆ. ಮಫ್ಲರಿನ ಕುಚ್ಚಿನಲ್ಲಿ ಒಂದು ಎಳೆ ಹೊಟ್ಟೆಯೊಳಗೆ ಹೋಗಿ ಮಾಯ. ನನ್ನನ್ನು ಕೇಳಿದರೆ ಅದು ಫೋಟೋನೇ ಅಲ್ಲ, ಎಐ ಹತ್ತಿರ ಬರೆಸಿದ ಚಿತ್ರ. ಹಾಳೆಯೂ ಅಲ್ಲಿಂದಲೇ ಬಂದಿರಬೇಕು. ನೋಡೋಕೆ ಪ್ಯಾಟರ್ನ್ ಥರಾನೇ ಇದೆ, ಲೆಕ್ಕ ಮಾತ್ರ ಕೂಡಲ್ಲ.

ಪರೀಕ್ಷೆ ಮಾಡೋಣ ಅಂತ ಒಂದೇ ಸಾಲು ಬರೆದೆ: “ಆನೆಯ ಹಿಂಭಾಗದ ಒಂದು ಫೋಟೋ ಕಳಿಸಿ. ಬಾಲ ಎಲ್ಲಿ ಹೊಲಿಯಬೇಕು ಅಂತ ಗೊತ್ತಾಗುತ್ತಿಲ್ಲ.”

ಆನೆ ಕೈಯಲ್ಲಿದ್ದರೆ ಇದು ಎಷ್ಟು ಹೊತ್ತಿನ ಕೆಲಸ ಹೇಳಿ. ಅಲ್ಲಿಯವರೆಗೆ ಮಿಂಚಿನ ಹಾಗೆ ಉತ್ತರ ಕೊಡುತ್ತಿದ್ದವರು ಆ ದಿನ ಪೂರ್ತಿ ಸುಮ್ಮನಾದರು. ಮಾರನೇ ದಿನ ಫೋಟೋ ಬಂತು. ಬೂದು ಆನೆ, ಬೆನ್ನು ತಿರುಗಿಸಿ ಕೂತಿದೆ. ಮಫ್ಲರ್ ಈಗ ಪಟ್ಟೆ ಪಟ್ಟೆ. ಕಿವಿ ಮೊದಲಿನ ಅರ್ಧ. ಬಾಲ ಇಲ್ಲವೇ ಇಲ್ಲ. ಇದು ಆ ಆನೆ ಅಲ್ವಲ್ಲ ಅಂದೆ.

“ಹ್ಯಾಂಡ್‌ಮೇಡ್ ಅಲ್ವಾ ಮೇಡಂ, ಒಂದರ ಹಾಗೆ ಇನ್ನೊಂದು ಇರಲ್ಲ.”

ಈ ಸಾಲನ್ನು ಇವತ್ತಿಗೂ ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಕೈಯಲ್ಲಿ ಮಾಡೋರ ಹೆಸರು ಹೇಳಿಕೊಂಡು, ಕೈಯನ್ನೇ ಮುಟ್ಟದ ವಸ್ತು ಮಾರೋದು! ಒಂದು ಕೈಯಲ್ಲಿ ಆನೆ ಹಿಡಿದು ಸಣ್ಣ ವಿಡಿಯೋ ಮಾಡಿ ಕಳಿಸಿ ಅಂದೆ. ಡಿಸೈನರ್ ರಜೆಯಲ್ಲಿದ್ದಾರಂತೆ. ಯಾವಾಗ ಬರ್ತಾರೆ ಅಂದೆ. ಉತ್ತರ ಇಲ್ಲ. ದುಡ್ಡು ವಾಪಸ್ ಕೊಡಿ ಅಂದಾಗ ಮಾತ್ರ ಮತ್ತೆ ಎಚ್ಚರವಾಯಿತು: “ಕಿಟ್ ಓಪನ್ ಮಾಡಿದ ಮೇಲೆ ರಿಟರ್ನ್ ಇಲ್ಲ ಮೇಡಂ.” ಓಪನ್ ಮಾಡದೆ ಹಾಳೆಯಲ್ಲಿ 36ರ ಜಾಗದಲ್ಲಿ 42 ಇದೆ ಅಂತ ನನಗೆ ಕನಸು ಬೀಳಬೇಕಿತ್ತಾ? ಅಲ್ಲೇ ಕೆಳಗೆ ರಿವ್ಯೂ ಬರೆದೆ, ಅಳಿಸಿದರು. ಮತ್ತೆ ಬರೆದೆ, ನನ್ನನ್ನೇ ಬ್ಲಾಕ್ ಮಾಡಿದರು.

ದುಡ್ಡು ದೊಡ್ಡದಲ್ಲ ಬಿಡಿ. ಗೆಳತಿಯ ಮಾತು ಹೇಳುತ್ತೇನೆ ಅಂದಿದ್ದೆನಲ್ಲ. ಅವಳ ಮನೆಯಲ್ಲಿ ಈಗಷ್ಟೇ ಅಂಬೆಗಾಲಿಡುವ ಮಗು ಇದೆ, ಅದಕ್ಕೇ ಅಂತ ತರಿಸಿದ್ದಳು. ಇದೇ ಆರನೇ ಸುತ್ತಿನಲ್ಲಿ ಸಿಕ್ಕಿಕೊಂಡು ನನಗೆ ಹೇಳೋಕೂ ನಾಚಿಕೊಂಡಿದ್ದಾಳೆ. ನಾನಾಗೇ ವಿಚಾರಿಸಿದಾಗ, “ನನಗೆ ಇದೆಲ್ಲ ಬರಲ್ಲ ಕಣೇ, ಎಣಿಸೋಕೇ ಆಗ್ತಿಲ್ಲ, ಎತ್ತಿಟ್ಟುಬಿಟ್ಟೆ” ಅಂದಳು. ಅವಳು ಹೆಣೆದ ಆನೆಯ ತಲೆ ನೋಡಿದೆ. ಮೊದಲ ಸಲಕ್ಕೆ ಎಷ್ಟು ಚಂದ, ಎಷ್ಟು ಸಮವಾಗಿ ಹಾಕಿದ್ದಾಳೆ! 36, ಒಂದೂ ತಪ್ಪಿಲ್ಲ. ಹೀಗೆ ಎಷ್ಟು ಜನ ತಮ್ಮ ಕೈಯನ್ನೇ ಬೈದುಕೊಂಡು ಕಡ್ಡಿ ಬಿಸಾಕಿದ್ದಾರೋ. ಆ ‘ನೂರಾರು ಕಸ್ಟಮರ್ಸ್’ ಅಂದರೆ ಇವರೇ ಇರಬೇಕು.

ತಗೊಳ್ಳೋದಾದರೆ, ದುಡ್ಡು ಕೊಡೋ ಮೊದಲು ಹಿಂಭಾಗದ ಫೋಟೋ ಕೇಳಿ. ಬೇರೆಯವರು ತಮ್ಮ ಮನೆಯಲ್ಲಿ ಮಾಡಿ ತೆಗೆದ ಅಂಕುಡೊಂಕು ಫೋಟೋಗಳು ಇವೆಯಾ ನೋಡಿ. ಎಲ್ಲ ಕಡೆ ಅದೇ ಒಂದು ಹೊಳೆಯೋ ಚಿತ್ರ ಇದ್ದರೆ ಅಲ್ಲಿಂದ ಏಳಿ. ಹಾಳೆಯ ಒಂದು ಪುಟವಾದರೂ ನೋಡೋಕೆ ಸಿಕ್ಕರೆ ಪ್ರತಿ ಸುತ್ತಿನ ಕೊನೆಯ ಸಂಖ್ಯೆ ಲೆಕ್ಕಕ್ಕೆ ಕೂಡುತ್ತಾ ನೋಡಿ. ಅಮೆರಿಕದ ಪದವೋ ಬ್ರಿಟನ್ನಿನ ಪದವೋ ಅಂತ ಬರೆದಿರಬೇಕು. ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟನ್ನಿನವರಿಗೆ ಡಬಲ್, ತಿರುಗಮುರುಗ ಆದರೆ ಕಿವಿ ಮೊರದಷ್ಟಾಗುತ್ತೆ. ಕಣ್ಣನ್ನು ಕೊನೆಗೆ ಇಡಿ ಅನ್ನೋ ಹಾಳೆಯನ್ನು ಅಲ್ಲೇ ಹರಿದುಹಾಕಿ.

ಈಗಾಗಲೇ ತಗೊಂಡು ಸಿಕ್ಕಿಕೊಂಡಿದ್ದರೆ ಹೀಗೆ ಮಾಡಿ. ಆರನೇ ಸುತ್ತಿಗೆ 36 ಬಂದಿರುತ್ತೆ, ಅದು ಸರಿ, ಬಿಚ್ಚಬೇಡಿ. ಏಳನೆಯದಾಗಿ ಒಂದು ಸುತ್ತು ಸೇರಿಸಿ: ಐದು ಸಿಂಗಲ್, ಒಂದು ಇನ್‌ಕ್ರೀಸ್, ಆರು ಸಲ. 42 ಆಯಿತು. ಅಲ್ಲಿಂದ ಹಾಳೆಯ ಲೆಕ್ಕ ತಲೆ ಮುಗಿಯೋವರೆಗೆ ಕೂಡುತ್ತೆ. ಕಣ್ಣನ್ನು 10 ಮತ್ತು 11ನೇ ಸುತ್ತಿನ ನಡುವೆ, ತಲೆ ತೆರೆದಿರುವಾಗಲೇ ಕೂರಿಸಿ. ಚಿಕ್ಕ ಮಗುವಿಗಾದರೆ ಕರಿ ದಾರದಲ್ಲಿ ಹೊಲಿಯಿರಿ. ಸೊಂಡಿಲಿಗೆ ಆ ಹಾಳೆ ನೋಡಲೇ ಬೇಡಿ. 6 ಸ್ಟಿಚ್ಚಿನ ಕೊಳವೆ ಬರೆದಿದ್ದಾರೆ, ಅಷ್ಟು ಸಪೂರದ್ದಕ್ಕೆ ಫೈಬರ್ ತುಂಬೋದೇ ಕಷ್ಟ. 6 ಹಾಕಿ 12 ಮಾಡಿ, ಬೇಕಾದಷ್ಟು ಉದ್ದಕ್ಕೆ 12ರಲ್ಲೇ ಸುತ್ತಿ. ಕಿವಿಗೆ 24ರವರೆಗೆ ಎರಡು ಚಪ್ಪಟೆ ವೃತ್ತ ಸಾಕು. ಡಬ್ಬಿಯಲ್ಲಿ ಕೊಟ್ಟ 4 ಮಿ.ಮೀ. ಕಡ್ಡಿ ಎತ್ತಿಡಿ, ಮುಂದೆ ಶಾಲಿಗೆ ಆಗುತ್ತೆ.