ಸಿರಿಲ್: ಮಲೆನಾಡಿನ ಆಕಾಶಚಿತ್ರಗಳಿಗೆ ಇಷ್ಟು ಸಾಕೇ?

ಡಿಎಸ್‌ಎಲ್‌ಆರ್, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಒಂದು ಸ್ಟಾರ್ ಟ್ರ್ಯಾಕರ್, 135 ಎಂಎಂ ಲೆನ್ಸ್. ಇಷ್ಟನ್ನು ಹೊತ್ತು ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಂದಾದ್ರಿ, ಕೊಡಚಾದ್ರಿ ಕಡೆ ಹೋಗುವವರಿಗೆ ಒಂದೇ ನೋಟದ ಹಲವು ಫ್ರೇಮ್‌ಗಳನ್ನು ಸೇರಿಸಿ ಆಕಾಶಚಿತ್ರ ಸಿದ್ಧಪಡಿಸುವ ಸಿರಿಲ್ ತಂತ್ರಾಂಶ ಧಾರಾಳವಾಗಿ ಸಾಕು. ಉಚಿತ, ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಜೂನ್ ಬಂತೆಂದರೆ ನಮ್ಮ ಕಡೆ ನಕ್ಷತ್ರ ಕಾಣುವುದೇ ಅಪರೂಪ, ಹಾಗಾಗಿ ಚಳಿಗಾಲದಲ್ಲಿ ತೆಗೆದಿಟ್ಟ ಫ್ರೇಮ್‌ಗಳ ಮೇಲೆ ಕೂತು ಕಲಿಯಲು ಮಳೆಗಾಲವಿಡೀ ಇದೆ.

ಮೊದಲ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು ಫೋಲ್ಡರ್ ಹೆಸರಿನಲ್ಲಿ. ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಎಂಬ ನಾಲ್ಕು ಫೋಲ್ಡರ್ (lights, darks, flats, biases) ಬೇಕು. ಲೈಟ್ಸ್ ಎಂದರೆ ಆಕಾಶದ ಫ್ರೇಮ್‌ಗಳು; ಡಾರ್ಕ್ಸ್ ಲೆನ್ಸ್ ಮುಚ್ಚಿ ಅಷ್ಟೇ ಹೊತ್ತು ತೆಗೆದವು; ಫ್ಲ್ಯಾಟ್ಸ್ ಸಮ ಬೆಳಕಿಗೆ ಹಿಡಿದು ತೆಗೆದವು; ಬಯಾಸಸ್ ಲೆನ್ಸ್ ಮುಚ್ಚಿ ಅತಿ ವೇಗದ ಶಟರ್‌ನಲ್ಲಿ ತೆಗೆದವು. ಹೆಸರುಗಳು ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ, ಬಹುವಚನದಲ್ಲೇ ಇರಬೇಕು. ಆ ನಾಲ್ಕೂ ಇರುವ ಮೂಲ ಫೋಲ್ಡರನ್ನು ಹೋಮ್ ಆಗಿ ಆರಿಸಿ, ಆಮೇಲೆ ಸ್ಕ್ರಿಪ್ಟ್ ಮೆನುವಿನಿಂದ ಓಎಸ್‌ಸಿ ಪ್ರೀಪ್ರೊಸೆಸಿಂಗ್ (ಬಣ್ಣದ ಕ್ಯಾಮೆರಾದ ಫ್ರೇಮ್‌ಗಳನ್ನು ತಿದ್ದಿ, ಜೋಡಿಸಿ, ಒಂದೇ ಚಿತ್ರವಾಗಿ ಸೇರಿಸುವ ಸ್ಕ್ರಿಪ್ಟ್) ಓಡಿಸಿ. ಡಾರ್ಕ್ ಇಲ್ಲದಿದ್ದರೆ ಅಥವಾ ಫ್ಲ್ಯಾಟ್ ಇಲ್ಲದಿದ್ದರೆ ಅದಕ್ಕೆಂದೇ ಬೇರೆ ಸ್ಕ್ರಿಪ್ಟ್‌ಗಳಿವೆ. ಖಾಲಿ ಫೋಲ್ಡರ್ ಇಟ್ಟು ಪೂರ್ಣ ಸ್ಕ್ರಿಪ್ಟ್ ಓಡಿಸಿದರೆ ಅರ್ಧದಲ್ಲೇ ನಿಲ್ಲುತ್ತದೆ.

ಡಿಸ್ಕ್ ಜಾಗದ ಲೆಕ್ಕ ಮೊದಲೇ ಹಾಕಿಕೊಳ್ಳಿ. 24 ಮೆಗಾಪಿಕ್ಸೆಲ್‌ನ ಒಂದು ಫ್ರೇಮ್ ಮೂರು ಬಣ್ಣಕ್ಕೆ ಬಿಡಿಸಿಕೊಂಡು 32 ಬಿಟ್‌ನಲ್ಲಿ ಕೂತಾಗ ಸುಮಾರು 288 ಎಂಬಿ. ನೂರು ಫ್ರೇಮಿಗೆ 29 ಜಿಬಿ. ನಕ್ಷತ್ರಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸಿದ ಪ್ರತಿ ಬೇರೆಯಾಗಿಯೇ ಉಳಿಯುವುದರಿಂದ ಇನ್ನೊಂದು 29. ಎಸ್‌ಎಸ್‌ಡಿಯಲ್ಲಿ 70 ಜಿಬಿ ಖಾಲಿ ಇಲ್ಲದೆ ಶುರು ಮಾಡಬೇಡಿ. ಜಾಗ ಕಡಿಮೆಯಿದ್ದರೆ ಸೆಟ್ಟಿಂಗ್‌ನಲ್ಲಿ 16 ಬಿಟ್ ಆರಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಪ್ರೊಸೆಸ್ ಫೋಲ್ಡರನ್ನು ಅಳಿಸುವುದನ್ನು ಮರೆಯಬೇಡಿ, ಅದು ತಾನಾಗಿ ಹೋಗುವುದಿಲ್ಲ.

ಸ್ಕ್ರಿಪ್ಟಿಗೆ ಒಂದು ದೊಡ್ಡ ಕೊರತೆ ಇದೆ: ಕೊಟ್ಟಿದ್ದನ್ನೆಲ್ಲ ಸೇರಿಸಿಬಿಡುತ್ತದೆ. ಮಲೆನಾಡಿನಲ್ಲಿ ನಡುರಾತ್ರಿಯ ಮೇಲೆ ಮಂಜು ಏರಿದಾಗ ನಕ್ಷತ್ರಗಳು ಊದಿಕೊಳ್ಳುತ್ತವೆ, ಆ ಫ್ರೇಮ್‌ಗಳು ಇಡೀ ಚಿತ್ರವನ್ನು ಮಂಕು ಮಾಡುತ್ತವೆ. ಜೋಡಣೆ ಮುಗಿದ ಸರಣಿಯನ್ನು ತೆರೆದು ಪ್ಲಾಟ್ ಟ್ಯಾಬ್‌ನಲ್ಲಿ ಎಫ್‌ಡಬ್ಲ್ಯೂಎಚ್‌ಎಂ (ನಕ್ಷತ್ರಗಳ ಅಗಲದ ಅಳತೆ) ಗೆರೆ ನೋಡಿ. ಗೆರೆ ಎಲ್ಲಿಂದ ಮೇಲೇರಲು ಶುರುವಾಗಿದೆಯೋ ಅಲ್ಲಿಂದಾಚೆಯ ಫ್ರೇಮ್‌ಗಳನ್ನು ಬಿಟ್ಟು, ಉಳಿದವನ್ನು ಕೈಯಾರೆ ಮತ್ತೆ ಸ್ಟ್ಯಾಕ್ ಮಾಡಿ, ಅಂದರೆ ಒಂದೇ ಚಿತ್ರವಾಗಿ ಸೇರಿಸಿ. ನೂರು ಮಂಕು ಫ್ರೇಮ್‌ಗಿಂತ ಅರವತ್ತು ಚೊಕ್ಕ ಫ್ರೇಮ್ ಮೇಲು.

ಫ್ಲ್ಯಾಟ್ ವಿಷಯದಲ್ಲಿ ತಂತ್ರಾಂಶವನ್ನು ದೂರುವವರೇ ಹೆಚ್ಚು. ತಪ್ಪು ಬಹುತೇಕ ತೆಗೆದ ರೀತಿಯಲ್ಲಿರುತ್ತದೆ. ಫೋಕಸ್ ಕದಲಿಸದೆ, ಲೆನ್ಸ್ ಬಿಚ್ಚದೆ, ಅದೇ ಅಪರ್ಚರ್‌ನಲ್ಲಿ ಬಿಳಿ ಬಟ್ಟೆ ಮುಚ್ಚಿ ತೆಗೆಯಬೇಕು, ಹಿಸ್ಟೋಗ್ರಾಮ್ ಸುಮಾರು ಮಧ್ಯಕ್ಕೆ ಬರಬೇಕು. ಎಲ್‌ಇಡಿ ಬೆಳಕಿಗೆ ಹಿಡಿದು ಶಟರ್ ತೀರಾ ವೇಗವಾಗಿಟ್ಟರೆ ಪಟ್ಟೆಪಟ್ಟೆ ಬರುತ್ತದೆ. ನಮ್ಮ ಕಡೆಯ ವಿಶೇಷ ಕಾಟ ಇಬ್ಬನಿ. ಲೆನ್ಸ್ ಮೇಲೆ ಇಬ್ಬನಿ ಕೂತಿದ್ದಾಗಿನ ಫ್ರೇಮ್‌ಗೂ ಒರೆಸಿದ ಮೇಲಿನ ಫ್ಲ್ಯಾಟ್‌ಗೂ ಹೊಂದಿಕೆಯಾಗದು. ಲೆನ್ಸನ್ನು ಬೆಚ್ಚಗಿಟ್ಟು ಇಬ್ಬನಿ ತಡೆಯುವ ಡ್ಯೂ ಹೀಟರ್ ಪಟ್ಟಿಗೆ ಕೊಡುವ ದುಡ್ಡು ಯಾವ ಪ್ಲಗಿನ್‌ಗಿಂತಲೂ ಸಾರ್ಥಕ. ಮೂಲೆಗಳು ಕಪ್ಪಾಗುವ ಬದಲು ಬೆಳ್ಳಗೆ ಬಂದರೆ, ಒಂದೋ ಲೈಟ್ ಫ್ರೇಮ್‌ಗಳಿಂದ ಬಯಾಸ್ ಕಳೆಯುವುದು ಬಿಟ್ಟುಹೋಗಿದೆ, ಇಲ್ಲವೇ ವ್ಯೂಫೈಂಡರ್ ಮೂಲಕ ಬೆಳಕು ಒಳನುಗ್ಗಿದೆ.

ಸ್ಟ್ಯಾಕ್ ಆದ ಚಿತ್ರ ತೆರೆದಾಗ ಬರೀ ಕತ್ತಲು. ಕೆಳಗಿನ ಲೀನಿಯರ್ ಎಂಬುದನ್ನು ಆಟೋಸ್ಟ್ರೆಚ್‌ಗೆ ಬದಲಿಸಿದರೆ ನೆಬ್ಯುಲಾ (ಆಕಾಶದ ಅನಿಲ-ಧೂಳಿನ ಮೋಡ) ಎದ್ದು ಕಾಣುತ್ತದೆ, ಆದರೆ ಹಸಿರು ಬಳಿದಂತೆ. ಗಾಬರಿ ಬೇಡ, ಪಕ್ಕದ ಸರಪಳಿ ಗುಂಡಿ ಒತ್ತಿ ಮೂರೂ ಬಣ್ಣಗಳನ್ನು ಬೇರೆ ಮಾಡಿದರೆ ಸರಿಹೋಗುತ್ತದೆ. ಇದು ತೋರಿಕೆ ಮಾತ್ರ, ಫೈಲ್ ಇನ್ನೂ ಕತ್ತಲೆಯಲ್ಲೇ ಇದೆ. ಹೀಗೆಯೇ ಜೆಪೆಗ್ ಮಾಡಿ ಕಪ್ಪು ಚಿತ್ರ ಬಂತೆಂದು ಕೇಳುವವರು ಪ್ರತಿ ವರ್ಷವೂ ಸಿಗುತ್ತಾರೆ.

ಈಗ ಅಸಲಿ ಕೆಲಸ, ಗ್ರೇಡಿಯೆಂಟ್, ಅಂದರೆ ಚಿತ್ರದ ಒಂದು ಬದಿಯಿಂದ ಇನ್ನೊಂದಕ್ಕೆ ಏರಿಳಿಯುವ ಹಿನ್ನೆಲೆ ಬೆಳಕನ್ನು ತೆಗೆಯುವುದು. ಕುಂದಾದ್ರಿಯಂಥ ಕತ್ತಲ ಜಾಗದಲ್ಲೂ ಪಶ್ಚಿಮಕ್ಕೆ ಕರಾವಳಿ ಊರುಗಳ ಬೆಳಕು ಏರಿರುತ್ತದೆ. ಓರಾಯನ್ ನೆತ್ತಿಯಿಂದ ಪಡುವಣಕ್ಕೆ ಜಾರುತ್ತ ಹೋದಂತೆ ಫ್ರೇಮ್‌ನೊಳಗೆ ಆ ಬೆಳಕಿನ ದಿಕ್ಕೂ ತೀವ್ರತೆಯೂ ಬದಲಾಗುತ್ತವೆ. ಎಲ್ಲ ಸೇರಿಸಿದ ಮೇಲೆ ಉಳಿಯುವುದು ಗೋಜಲು ಆಕಾರ. ಹಾಗಾಗಿ ಸ್ಟ್ಯಾಕ್‌ಗೆ ಮೊದಲೇ, ಇಡೀ ಸರಣಿಯ ಮೇಲೆ ಡಿಗ್ರಿ 1ರ (ಸಮನಾದ ಇಳಿಜಾರನ್ನಷ್ಟೇ ಕಳೆಯುವ) ಪಾಲಿನೋಮಿಯಲ್ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಓಡಿಸಿ. ಸ್ಟ್ಯಾಕ್ ಆದ ಮೇಲೆ ಅಂಚು ಕತ್ತರಿಸಿ, ಉಳಿದದ್ದಕ್ಕೆ ಅದೇ ಸಾಧನದಲ್ಲಿ ಗೋಜಲು ಆಕಾರಗಳನ್ನೂ ಹಿಡಿಯುವ ಆರ್‌ಬಿಎಫ್ ಬಳಸಿ. ಅಂಚು ಕತ್ತರಿಸದಿದ್ದರೆ ಅಲ್ಲಿನ ಕಪ್ಪು ಪಟ್ಟಿಯನ್ನೇ ಆಕಾಶವೆಂದು ನಂಬಿ ಲೆಕ್ಕ ತಪ್ಪುತ್ತದೆ. ಸ್ಯಾಂಪಲ್ ಚುಕ್ಕೆ ನೆಬ್ಯುಲಾ ಮೇಲೆ ಬಿದ್ದಿದ್ದರೆ ಒಂದೊಂದಾಗಿ ತೆಗೆಯಿರಿ. ಬಿಟ್ಟರೆ ನೆಬ್ಯುಲಾವನ್ನೇ ಕಳೆದು ಹಾಕುತ್ತದೆ.

ಎಟಾ ಕರೀನಾ ನೆಬ್ಯುಲಾಕ್ಕೆ ಇದು ಇನ್ನೂ ಕಷ್ಟ. ಶಿವಮೊಗ್ಗದ ಅಕ್ಷಾಂಶದಿಂದ ಅದು ದಕ್ಷಿಣ ದಿಗಂತದ ಮೇಲೆ ಸುಮಾರು 16 ಡಿಗ್ರಿಗಿಂತ ಏರುವುದೇ ಇಲ್ಲ. ಇಂಥಲ್ಲಿ ಗ್ರಾಕ್ಸ್‌ಪರ್ಟ್ ಎಂಬ ಇನ್ನೊಂದು ಉಚಿತ ತಂತ್ರಾಂಶದ ಎಐ ವಿಧಾನ ಸಿರಿಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಡೀನಾಯ್ಸ್ ಕೂಡ ಒಳ್ಳೆಯದೇ, ಆದರೆ ಪೂರ್ತಿ ಏರಿಸಿದರೆ ಆಕಾಶ ಪ್ಲಾಸ್ಟಿಕ್‌ನಂತೆ ಕಾಣುತ್ತದೆ.

ಬಣ್ಣಕ್ಕೆ ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್, ಅಂದರೆ ನಕ್ಷತ್ರಗಳ ತಿಳಿದಿರುವ ಬಣ್ಣಕ್ಕೆ ಹೋಲಿಸಿ ಚಿತ್ರದ ಬಣ್ಣ ಸರಿಮಾಡುವುದು. ಅದಕ್ಕೂ ಮೊದಲು ಪ್ಲೇಟ್ ಸಾಲ್ವ್ ಆಗಬೇಕು, ಅಂದರೆ ಚಿತ್ರ ಆಕಾಶದ ಯಾವ ಭಾಗದ್ದೆಂದು ತಂತ್ರಾಂಶ ಗುರುತಿಸಬೇಕು, ಅದು ಸೋಲುವುದು ಹೆಚ್ಚಾಗಿ ಫೋಕಲ್ ಲೆಂಗ್ತ್ ತಪ್ಪಿದಾಗ. ಮ್ಯಾನ್ಯುಯಲ್ ಲೆನ್ಸ್‌ಗಳು ಕ್ಯಾಮೆರಾಕ್ಕೆ ಆ ಮಾಹಿತಿ ಕೊಡುವುದಿಲ್ಲ. 135 ಎಂದು ನೀವೇ ಬರೆದು, ಪಿಕ್ಸೆಲ್ ಅಳತೆಯನ್ನೂ ತುಂಬಿ. 24 ಮೆಗಾಪಿಕ್ಸೆಲ್‌ನ ಎಪಿಎಸ್‌-ಸಿ ಕ್ಯಾಮೆರಾಗಳಲ್ಲಿ ಅದು 3.7ರಿಂದ 3.9 ಮೈಕ್ರಾನ್. ನಕ್ಷತ್ರಗಳ ಪಟ್ಟಿಯನ್ನು ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಂಡು ಕೂರುವ ಬದಲು ಆ ಕ್ಯಾಟಲಾಗನ್ನು ಪೇಟೆಗೆ ಬಂದಾಗ ಇಳಿಸಿ ಡಿಸ್ಕ್‌ನಲ್ಲಿಟ್ಟುಕೊಳ್ಳಬಹುದು.

ಕತ್ತಲಲ್ಲಿ ಅಡಗಿದ್ದನ್ನು ಬೆಳಕಿಗೆ ತರಲು, ಅಂದರೆ ಹಿಗ್ಗಿಸಲು, ಜಿಎಚ್‌ಎಸ್, ಅಂದರೆ ಜನರಲೈಸ್ಡ್ ಹೈಪರ್ಬಾಲಿಕ್ ಸ್ಟ್ರೆಚ್. ಇದನ್ನು ಕಲಿಯಲು ಸಮಯ ಹಿಡಿಯುತ್ತದೆ, ಆದರೆ ಸಿರಿಲ್‌ನ ಅತ್ಯುತ್ತಮ ಭಾಗ ಇದೇ. ಮೊದಲು ತೋರಿಕೆಯನ್ನು ಲೀನಿಯರ್‌ಗೆ ವಾಪಸ್ ತನ್ನಿ. ಸಿಮೆಟ್ರಿ ಪಾಯಿಂಟನ್ನು ಹಿಸ್ಟೋಗ್ರಾಮ್ ಗುಡ್ಡದ ಎಡ ಇಳಿಜಾರಿನಲ್ಲಿಟ್ಟು, ಸ್ಟ್ರೆಚ್ ಅಂಶವನ್ನು ಸ್ವಲ್ಪವೇ ಏರಿಸಿ ಅಪ್ಲೈ ಒತ್ತಿ. ಹೀಗೆ ಮೂರ್ನಾಲ್ಕು ಸಲ. ಒಂದೇ ಏಟಿಗೆ ಎಳೆದರೆ ಓರಾಯನ್ ನೆಬ್ಯುಲಾದ ನಡುಭಾಗ ಸುಟ್ಟುಹೋಗಿ ಅಲ್ಲಿನ ಟ್ರಪೀಜಿಯಂ ಎಂಬ ನಕ್ಷತ್ರಗುಂಪು ಮಾಯ. ಸ್ಟಾರ್‌ನೆಟ್ ಎಂಬ ನಕ್ಷತ್ರ ಬೇರ್ಪಡಿಸುವ ತಂತ್ರಾಂಶವನ್ನು ಬೇರೆಯಾಗಿ ಇಳಿಸಿ ಅದರ ದಾರಿಯನ್ನು ಪ್ರಿಫರೆನ್ಸಸ್‌ನಲ್ಲಿ ಕೊಟ್ಟರೆ ನಕ್ಷತ್ರ ಮತ್ತು ನೆಬ್ಯುಲಾಗಳನ್ನು ಪ್ರತ್ಯೇಕವಾಗಿ ಹಿಗ್ಗಿಸಿ ಸ್ಟಾರ್ ರೀಕಾಂಪೊಸಿಷನ್‌ನಲ್ಲಿ ಮತ್ತೆ ಸೇರಿಸಬಹುದು.

ಪಿಕ್ಸ್‌ಇನ್‌ಸೈಟ್ ಎಂಬ ದುಡ್ಡಿನ ತಂತ್ರಾಂಶ ಸಿರಿಲ್‌ಗಿಂತ ಮೇಲು ಎನ್ನುವುದರಲ್ಲಿ ಅನುಮಾನವಿಲ್ಲ. ಫ್ರೇಮ್‌ಗಳಿಗೆ ಗುಣಮಟ್ಟ ನೋಡಿ ತೂಕ ಕೊಡುವುದು, ಮಾಸ್ಕ್ ಬಳಕೆ, ಗ್ರೇಡಿಯೆಂಟ್ ಸಾಧನಗಳು ಎಲ್ಲವೂ ಬಲವಾಗಿವೆ. ಆದರೆ ಲೈಸೆನ್ಸ್ ಯೂರೋದಲ್ಲಿ, ರೂಪಾಯಿ ಲೆಕ್ಕದಲ್ಲಿ ಇಪ್ಪತ್ತು ಸಾವಿರ ದಾಟುತ್ತದೆ; ಚಿತ್ರ ಚೂಪಾಗಿಸುವುದಕ್ಕೆ ಎಲ್ಲರೂ ಹೊಗಳುವ ಅದರ ಪ್ಲಗಿನ್ ಬ್ಲರ್‌ಎಕ್ಸ್‌ಟರ್ಮಿನೇಟರ್‌ಗೆ ಮತ್ತೆ ಬೇರೆ ದುಡ್ಡು. ಸೆನ್ಸರ್ ತಂಪಾಗಿಡುವ, ಕಪ್ಪು-ಬಿಳುಪಿನ ಕೂಲ್ಡ್ ಮೋನೋ ಕ್ಯಾಮೆರಾ ಕೊಂಡ ಮೇಲೆ ಆ ಮಾತು. ಅಲ್ಲಿಯವರೆಗೂ ಕುತೂಹಲ ತಡೆಯದಿದ್ದರೆ 45 ದಿನದ ಟ್ರಯಲ್ ಇದೆ, ಆದರೆ ಅದನ್ನು ಬಳಸುವ ಮೊದಲು ಒಳ್ಳೆಯ ಡೇಟಾ ಕೈಯಲ್ಲಿರಲಿ.

ಪ್ರಿಂಟ್ ಹಾಕಿಸುವುದಾದರೆ 16 ಬಿಟ್ ಟಿಫ್ ಒಂದನ್ನು ನಿಮ್ಮಲ್ಲೇ ಇಟ್ಟುಕೊಂಡು, ಲ್ಯಾಬಿಗೆ ಎಸ್‌ಆರ್‌ಜಿಬಿ ಜೆಪೆಗ್ ಕೊಡಿ. ಜೊತೆಗೆ ಆಟೋ ಕರೆಕ್ಷನ್ ಬೇಡವೆಂದು ಬಾಯಿಬಿಟ್ಟು ಹೇಳಿ. ಮದುವೆ ಆಲ್ಬಮ್‌ಗೆ ಹೊಂದಿಸಿಟ್ಟ ಯಂತ್ರ ಕಪ್ಪು ಆಕಾಶವನ್ನು ಕಂಡರೆ ಬೂದು ಮಾಡಿಬಿಡುತ್ತದೆ.