15 ಅಡಿ ಫ್ರೇಮ್ ಪೂಲ್, ನಾಲ್ಕು ಬೇಸಿಗೆಯ ಬಳಕೆಯ ನಂತರ

ವಿಮರ್ಶೆ ಮಾಡುತ್ತಿರುವುದು 15 ಅಡಿ ವ್ಯಾಸ, 48 ಇಂಚು ಎತ್ತರದ ದುಂಡು ಫ್ರೇಮ್ ಪೂಲ್. ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ತೂಗುಬಿಟ್ಟ ಮೂರು ಪದರದ ಪಿವಿಸಿ ಲೈನರ್, ಗಂಟೆಗೆ 3,785 ಲೀಟರ್ ಎಂದು ಬರೆದಿರುವ ಕಾರ್ಟ್ರಿಜ್ ಫಿಲ್ಟರ್ ಪಂಪು, ಒಂದು ಏಣಿ. ಶೇ. 90ರಷ್ಟು ತುಂಬಿದರೆ ಹೆಚ್ಚುಕಡಿಮೆ 16,800 ಲೀಟರ್ ನೀರು ಹಿಡಿಯುತ್ತದೆ. ಜಾಗ ಮೈಸೂರಿನ ಹೊರವಲಯದ ಹಿತ್ತಿಲು, ಕೆಮ್ಮಣ್ಣಿನ ನೆಲ, ಬೋರ್‌ವೆಲ್ ನೀರು. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಅಳತೆಯ ಪೂಲ್‌ಗಳನ್ನು ಯಾರೇ ಮಾಡಲಿ, ರಚನೆ ಒಂದೇ, ಕೆಡುವ ಬಗೆಯೂ ಒಂದೇ. ಲೈನರ್‌ಗೆ 5ಕ್ಕೆ 4, ಚೌಕಟ್ಟಿಗೆ 4, ಜೊತೆಗೆ ಕೊಡುವ ಪಂಪಿಗೆ 2.

ತಾರಸಿಯ ಮೇಲೆ ಇಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಇಡಬೇಡಿ. ಒಂದು ಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ಭಾರ ಹೇರುತ್ತದೆ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರದ ಭಾರತೀಯ ಮಾನಕವಾದ ಐಎಸ್ 875 ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಮಕ್ಕಳಿಗೆಂದು ಮಾರುವ 12 ಅಡಿ ಅಗಲ, 30 ಇಂಚು ಎತ್ತರದ ಪೂಲ್ ಕೂಡ ಚದರ ಮೀಟರಿಗೆ 600 ಕಿಲೋ ದಾಟುತ್ತದೆ. ಸಂಪಿನ ಮೇಲಿನ ಸ್ಲ್ಯಾಬೂ ಇದಕ್ಕೆ ಆಗದು.

ನೆಲದ ಕೆಲಸಕ್ಕೆ ಎರಡು ದಿನ ಇಟ್ಟುಕೊಳ್ಳಿ, ಪೂಲ್ ಜೋಡಿಸಲು ಎರಡು ಗಂಟೆ ಸಾಕು. ನಡುವೆ ಗೂಟ ಹೊಡೆದು ಎಂಟೂವರೆ ಅಡಿ ಹಗ್ಗದಿಂದ ವೃತ್ತ ಎಳೆಯಿರಿ. ಪೂಲ್‌ನ ಸುತ್ತ ಒಂದೊಂದು ಅಡಿ ಹೆಚ್ಚುವರಿ ಜಾಗ ಸಿಗುತ್ತದೆ. ಮಟ್ಟ ನೋಡಲು ರಸಮಟ್ಟ ಸಾಲದು, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಲೆವೆಲ್ ಟ್ಯೂಬೇ ಬೇಕು. ಎತ್ತರದ ಕಡೆಯ ಮಣ್ಣು ಕಡಿದು ತಗ್ಗಿನ ಮಟ್ಟಕ್ಕೆ ತರಬೇಕು. ತಗ್ಗಿಗೆ ಮಣ್ಣು ತುಂಬಿ ಎತ್ತರಿಸಬಾರದು. ಎಷ್ಟೇ ದಿಮ್ಮಸು ಹಾಕಿದರೂ ತುಂಬಿದ ಮಣ್ಣು 17 ಟನ್ ಭಾರಕ್ಕೆ ಕುಸಿಯುತ್ತದೆ. ಒಂದು ಅಂಚಿನಿಂದ ಎದುರಿನ ಅಂಚಿಗೆ ಎರಡೂವರೆ ಸೆಂ.ಮೀ. ವ್ಯತ್ಯಾಸದವರೆಗೆ ಪೂಲ್ ತಡೆಯುತ್ತದೆ, ಆದರೆ ಒಂದು ಸೆಂ.ಮೀ. ಒಳಗೆ ತಂದರೆ ನಿಶ್ಚಿಂತೆ. ಐದು ಸೆಂ.ಮೀ. ಓರೆಯಾದರೆ ತಗ್ಗಿನ ಕಡೆಯ ಕಾಲುಗಳು ಹೊರಕ್ಕೆ ವಾಲುತ್ತವೆ, ಲೈನರ್ ಅಲ್ಲಿ ಹೊಟ್ಟೆ ಬಿಡುತ್ತದೆ, ಕಾಲು ಮತ್ತು ಮೇಲಿನ ಕೊಳವೆ ಸೇರುವ ಟಿ-ಜಾಯಿಂಟುಗಳು ತಿರುಚಿಕೊಳ್ಳುತ್ತವೆ. ಆಮೇಲೆ ಸರಿಪಡಿಸಲು ಇರುವ ದಾರಿ ಒಂದೇ, ಅಷ್ಟೂ ನೀರು ಖಾಲಿ ಮಾಡುವುದು.

ಪ್ರತಿ ಕಾಲಿನ ಕೆಳಗೂ ಒಂದಡಿ ಚದರದ ದಪ್ಪ ಕಡಪ ಕಲ್ಲನ್ನು ನೆಲದ ಮಟ್ಟಕ್ಕೆ ಹೂಳಿ. ಮರದ ಹಲಗೆ ಇಟ್ಟರೆ ಒಂದು ಮಳೆಗಾಲದೊಳಗೆ ಗೆದ್ದಲು ಮುಗಿಸಿಬಿಡುತ್ತದೆ. ನಡುವಿನ ಜಾಗಕ್ಕೆ ಜರಡಿ ಹಿಡಿದ ಎಂ-ಸ್ಯಾಂಡ್ ಒಂದಿಂಚು ಸಾಕು. ಅದಕ್ಕಿಂತ ದಪ್ಪ ಹಾಸಿದರೆ ಕಾಲಿಟ್ಟಲ್ಲೆಲ್ಲ ಕುಳಿ ಬೀಳುತ್ತದೆ, ಚೆಲ್ಲಿದ ನೀರಿಗೆ ಅಂಚಿನ ಮರಳು ಕೊಚ್ಚಿಹೋಗುತ್ತದೆ. ಕಾಲುಗಳ ಹೊರಗೆ ಒಂದು ಸುತ್ತು ಜಲ್ಲಿ ಹಾಕಿದರೆ ಕೊರೆತ ನಿಲ್ಲುತ್ತದೆ. ಎರೆಮಣ್ಣಿನ ಊರಿನವರು ಮೇಲಿನ ಒಂದಡಿ ಮಣ್ಣನ್ನೇ ತೆಗೆದು ಗರಸು ತುಂಬಿ, ನೀರು ಹೊಡೆದು, ರೋಲರ್ ಹಾಯಿಸಬೇಕಾಗುತ್ತದೆ. ತುಂಬಬಾರದೆಂಬ ಮಾತಿಗೆ ಇದೊಂದೇ ವಿನಾಯಿತಿ, ಯಾಕೆಂದರೆ ಎರೆ ನೆಲ ನೆನೆದಾಗ ಉಬ್ಬಿ ಒಣಗಿದಾಗ ಬಿರುಕು ಬಿಡುವುದು ಇನ್ನೂ ಕೆಟ್ಟದ್ದು.

ಹುಲ್ಲಿನ ವಿಷಯ ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಗರಿಕೆ ಕತ್ತಲೆಗೆ ಸಾಯುತ್ತದೆ. ನೆಲದಡಿ ಗಡ್ಡೆ ಬಿಡುವ ಕೊನ್ನಾರಿ ಹುಲ್ಲು ಸಾಯುವುದಿಲ್ಲ. ಅದರ ಮೊಳಕೆ ಸೂಜಿಯ ಹಾಗೆ ಗ್ರೌಂಡ್ ಶೀಟನ್ನೂ ಲೈನರನ್ನೂ ತೂತು ಮಾಡಿ ನೀರಿನೊಳಗೆ ತಲೆ ಎತ್ತುತ್ತದೆ. ಅದು ಕಂಡಲ್ಲೆಲ್ಲ ಅರ್ಧ ಅಡಿಗೂ ಆಳ ಅಗೆದು ಗಡ್ಡೆ ಹೆಕ್ಕಿ, ನೀರು ಹಾಕಿ ಎರಡು ವಾರ ಬಿಟ್ಟು, ಮತ್ತೆ ಮೊಳೆತದ್ದನ್ನು ಇನ್ನೊಮ್ಮೆ ಹೆಕ್ಕಿ. ಮೇಲೆ ದಪ್ಪ ಜಿಯೋಟೆಕ್ಸ್‌ಟೈಲ್ ಹಾಸಿ. ಹಳೇ ಫ್ಲೆಕ್ಸ್ ಬ್ಯಾನರ್ ಹಾಸುವುದು ನಮ್ಮಲ್ಲಿ ರೂಢಿ. ಅದರಿಂದ ಲೈನರ್ ಕೊಳೆಯಾಗುವುದಿಲ್ಲ ಅಷ್ಟೆ, ಕೊನ್ನಾರಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ತೆಂಗಿನ ಮರದಿಂದ ಗರಿ, ಕಾಯಿ ಬೀಳದಷ್ಟು ದೂರವಿರಲಿ. ಹೊಂಗೆಯ ಪಕ್ಕ ಇಟ್ಟರೆ ಹೂ ಉದುರುವ ವಾರಗಳಲ್ಲಿ ದಿನಕ್ಕೆರಡು ಸಲ ಬಲೆ ಹಿಡಿಯಬೇಕು.

ಜೋಡಣೆ ಸುಲಭ. ಲೈನರನ್ನು ಒಂದು ಗಂಟೆ ಬಿಸಿಲಿಗೆ ಹರಡಿದರೆ ಮಡಿಕೆ ಬಿಡುತ್ತದೆ. ಪಂಪಿನ ತೂತುಗಳು ಪ್ಲಗ್ ಪಾಯಿಂಟಿನ ಕಡೆಗೂ, ಡ್ರೈನ್ ಮುಚ್ಚಳ ಮೋರಿಯ ಕಡೆಗೂ ಬರಬೇಕು. ನೀರು ಬಿದ್ದ ಮೇಲೆ ತಿರುಗಿಸಲಾಗದು. ಒಂದಿಂಚು ನೀರು ಬಿಟ್ಟು ನಿಲ್ಲಿಸಿ, ಬರಿಗಾಲಲ್ಲಿ ಒಳಗೆ ನಿಂತು ನಡುವಿನಿಂದ ಅಂಚಿಗೆ ಸುಕ್ಕು ತಳ್ಳಿ, ಆಮೇಲೆ ಮುಂದುವರಿಸಿ. ಉಳಿದ ಸುಕ್ಕಿನಲ್ಲೇ ಮುಂದೆ ಪಾಚಿ ಕೂರುವುದು.

ಈಗ ನೀರು. ನಿಮಿಷಕ್ಕೆ 30 ಲೀಟರ್ ಕೊಡುವ ಬೋರ್‌ನಿಂದ ತುಂಬಲು ಒಂಬತ್ತೂವರೆ ಗಂಟೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿದ್ದು ನೆನಪಿರಬಹುದು. ಒಮ್ಮೆ ತುಂಬಿದ ನೀರನ್ನು ಚೆಲ್ಲದೆ ವರ್ಷಗಟ್ಟಲೆ ಉಳಿಸಿಕೊಳ್ಳುವ ಹಾಗಿದ್ದರೆ ಮಾತ್ರ ನಮ್ಮ ಕಡೆ ಈ ಪೂಲ್ ಇಟ್ಟುಕೊಳ್ಳಲು ಅರ್ಥವಿದೆ. ಉಳಿಯುತ್ತದೆಯೋ ಇಲ್ಲವೋ ಎಂಬುದು ಯಾವ ಕ್ಲೋರಿನ್ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ.

ಅಂಗಡಿಯವರು ಕೊಡುವುದು ಟಿಸಿಸಿಎ 90 ಎಂಬ ಕ್ಲೋರಿನ್ ಮಾತ್ರೆ. ತೇಲುವ ಡಬ್ಬಿಗೆ ಹಾಕಿ ಬಿಟ್ಟರಾಯಿತು ಎನ್ನುತ್ತಾರೆ. ಆ ಮಾತ್ರೆಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವೂ ಇದೆ. ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಆಮ್ಲ ನೀರಲ್ಲೇ ಉಳಿಯುತ್ತದೆ. 200 ಗ್ರಾಮಿನ ಒಂದು ಮಾತ್ರೆ ಈ ಪೂಲ್‌ಗೆ ಸುಮಾರು 10.7 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಕ್ಲೋರಿನ್ ಕೊಟ್ಟು 6.5 ಪಿಪಿಎಂ ಆಮ್ಲ ಬಿಟ್ಟುಹೋಗುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಮಾತ್ರೆಯಿಂದಲೇ ಕೊಟ್ಟರೆ ಮೂರು ತಿಂಗಳಲ್ಲಿ ಆಮ್ಲ 100 ದಾಟುತ್ತದೆ. ಈ ಆಮ್ಲ 30ರಿಂದ 50ರ ನಡುವೆ ಇದ್ದರೆ ಒಳ್ಳೆಯದೇ, ಬಿಸಿಲಿನಿಂದ ಕ್ಲೋರಿನ್ ಕಾಪಾಡುತ್ತದೆ. 100 ಆದಾಗ ಅದು ಕ್ಲೋರಿನ್ನನ್ನು ಕಟ್ಟಿಹಾಕುತ್ತದೆ: ಮಾಮೂಲಿ 2-3 ಪಿಪಿಎಂ ಇದ್ದರೂ ಪಾಚಿ ಬರುತ್ತದೆ, ಏಳೂವರೆ ಪಿಪಿಎಂ ಇಡಬೇಕಾಗುತ್ತದೆ. ಕಡಿಮೆ ಮಾಡಲು ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ ಚೆಲ್ಲದೆ ಬೇರೆ ಉಪಾಯವಿಲ್ಲ. ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಹಸಿರಾಗುವ ಎಷ್ಟೋ ಪೂಲ್‌ಗಳ ಕಾರಣ ಇದೇ.

ಬ್ಲೀಚಿಂಗ್ ಪೌಡರ್ ಅಗ್ಗ, ಆದರೆ ಸುಣ್ಣ ಕೂಡಿಸುತ್ತದೆ. ನಮ್ಮ ಉಪ್ಪು ನೀರಿಗೆ ಅದು ಬೇಡವೇ ಬೇಡ. ಉಳಿಯುವುದು ಸೋಡಿಯಂ ಹೈಪೋಕ್ಲೋರೈಟ್ ದ್ರವ. ಶೇ. 10ರದ್ದು 170 ಮಿ.ಲೀ. ಹಾಕಿದರೆ ಈ ಪೂಲ್‌ನಲ್ಲಿ 1 ಪಿಪಿಎಂ ಏರುತ್ತದೆ. ಶುರುವಿನಲ್ಲಿ ಒಮ್ಮೆ ಅರ್ಧ ಕಿಲೋ ಸಯನ್ಯೂರಿಕ್ ಆಮ್ಲವನ್ನು ಕಾಲುಚೀಲಕ್ಕೆ ತುಂಬಿ ನೀರು ಒಳಬರುವ ಬಾಯಿಯ ಮುಂದೆ ಕಟ್ಟಿ, ಆಗಾಗ ಹಿಸುಕಿ ಕರಗಿಸಿದರೆ 30 ಪಿಪಿಎಂ ಆಗುತ್ತದೆ. ಆಮೇಲೆ ದಿನಾ ಸಂಜೆ ಪಂಪ್ ಓಡುವಾಗ ಹೈಪೋ: ಏಪ್ರಿಲ್-ಮೇ ಬಿಸಿಲಿಗೆ 350ರಿಂದ 500 ಮಿ.ಲೀ., ಮೋಡದ ದಿನಗಳಲ್ಲಿ 150-200. ಗುರಿ 3 ಪಿಪಿಎಂ ಆಸುಪಾಸು. ದಿನಾ ಹಾಕುವುದು ರಗಳೆ ನಿಜ, ಆದರೆ ನೀರು ಉಳಿಯುತ್ತದೆ. ಹೈಪೋ ಕೂತಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಬಿಸಿಲಿಗೆ ತಾಗದ ಕಡೆ ಇಡಿ, ದೊಡ್ಡ ಕ್ಯಾನ್ ಅಗ್ಗವೆಂದು ತರಬೇಡಿ, ತಿಂಗಳು ಕಳೆದದ್ದರ ಮೇಲಿನ ಶೇಕಡಾ ಲೆಕ್ಕ ನಂಬಬೇಡಿ. ಊರಿಗೆ ಹೋಗುವ ವಾರ ಮಾತ್ರ ಒಂದು ಮಾತ್ರೆ ತೇಲಿಬಿಟ್ಟರೆ ತೊಂದರೆಯಿಲ್ಲ.

ಹೈಪೋ ಮತ್ತು ಪಿಎಚ್ ಇಳಿಸಲು ಹಾಕುವ ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಮಗ್ಗಿಗೆ, ಒಂದೇ ಕಪಾಟಿಗೆ ಬೀಳಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮಾತ್ರೆ ಹಾಕುವ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಿಡಿಯುತ್ತದೆ. ಇದರಲ್ಲಿ ಸಡಿಲ ಬಿಡಬೇಡಿ.

ಬೋರ್ ನೀರಿನಲ್ಲಿ ಕ್ಷಾರೀಯತೆ ಮೊದಲೇ ಜಾಸ್ತಿ. ಪಿಎಚ್ ತಾನಾಗಿ 8ರ ಕಡೆಗೆ ಏರುತ್ತಲೇ ಇರುತ್ತದೆ, ಏರಿದಾಗ ಸುಣ್ಣ ಲೈನರ್ ಮೇಲೆ, ಕಾರ್ಟ್ರಿಜ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. 7.2ರಿಂದ 7.5ರ ನಡುವೆ ಇಟ್ಟರೆ ಕೂರದು. ಶೇ. 30ರ ಹೈಡ್ರೋಕ್ಲೋರಿಕ್ ಆಸಿಡ್ 150 ಮಿ.ಲೀ.ಯನ್ನು ಬಕೆಟ್ ನೀರಿಗೆ ಬೆರೆಸಿ (ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ) ಒಳಬರುವ ಬಾಯಿಯ ಬಳಿ ಸುರಿದು, ಎರಡು ಗಂಟೆಯ ನಂತರ ಮತ್ತೆ ಅಳೆಯಿರಿ. ಮಳೆನೀರು ಹೆಚ್ಚು ಸೇರಿ ಕ್ಷಾರೀಯತೆ 80ಕ್ಕಿಂತ ಇಳಿದರೆ ಅಡುಗೆ ಸೋಡಾ 280 ಗ್ರಾಂ ಹಾಕಿದಾಗ 10 ಪಿಪಿಎಂ ಏರುತ್ತದೆ. ಮೊದಲ ಸಲ ಕ್ಲೋರಿನ್ ಹಾಕಿದ ಕೂಡಲೇ ನೀರು ಟೀ ಬಣ್ಣಕ್ಕೆ ತಿರುಗಿದರೆ ಅದು ಬೋರ್ ನೀರಿನ ಕಬ್ಬಿಣ, ಗಾಬರಿ ಬೇಡ. ಪಂಪ್ ಬಿಡದೆ ಓಡಿಸಿ, ಕಾರ್ಟ್ರಿಜ್ ಪದೇಪದೇ ತೊಳೆಯಿರಿ. ಎರಡು ಮೂರು ದಿನಕ್ಕೆ ತಿಳಿಯಾಗುತ್ತದೆ.

ಪರೀಕ್ಷೆಗೆ ಹಳದಿ ಬಣ್ಣ ಬರುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸ ಮಾಡುವ ಕ್ಲೋರಿನ್ ಎಷ್ಟೆಂದು ಹೇಳುವುದಿಲ್ಲ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಕೊಳ್ಳಿ. ಕ್ಲೋರಿನ್ ತೀರಾ ಹೆಚ್ಚಿದ್ದರೆ ಆ ಗುಲಾಬಿಯೂ ಬಿಳಿಚಿ, ಏನೂ ಇಲ್ಲದಂತೆ ಕಾಣುತ್ತದೆ. ಆಗ ಅರ್ಧ ಕುಡಿಯುವ ನೀರು ಬೆರೆಸಿ ಮತ್ತೆ ನೋಡಿ. ಪಾಚಿಯ ಅನುಮಾನ ಬಂದರೆ ಕತ್ತಲಾದ ಮೇಲೊಮ್ಮೆ, ಸೂರ್ಯ ಹುಟ್ಟುವ ಮೊದಲೊಮ್ಮೆ ಅಳೆಯಿರಿ. ರಾತ್ರಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಕಣ್ಣಿಗೆ ಕಾಣದ ಪಾಚಿ ತಿನ್ನುತ್ತಿದೆ. ಎರಡು ಲೀಟರ್ ಹೈಪೋ ಹಾಕಿ 12 ಪಿಪಿಎಂಗೆ ಏರಿಸಿ, ರಾತ್ರಿಯ ಇಳಿತ ನಿಲ್ಲುವವರೆಗೆ ಅಲ್ಲೇ ಹಿಡಿದಿಡಿ, ಗೋಡೆ ಬ್ರಷ್ ಮಾಡಿ. ಅಷ್ಟು ದಿನ ಯಾರೂ ಇಳಿಯುವುದು ಬೇಡ.

ಪಂಪಿಗೆ 2 ಕೊಟ್ಟದ್ದೇಕೆಂದರೆ, ಲೆಕ್ಕದ ಪ್ರಕಾರ ನಾಲ್ಕೂವರೆ ಗಂಟೆಗೆ ಅಷ್ಟೂ ನೀರು ಒಮ್ಮೆ ಫಿಲ್ಟರ್ ಆಗಬೇಕು. ಆದರೆ ಕಾರ್ಟ್ರಿಜ್ ಮೂರೇ ದಿನಕ್ಕೆ ಧೂಳು ಕಟ್ಟಿ ಹರಿವು ಇಳಿಯುತ್ತದೆ. ಬೇಸಿಗೆಯಲ್ಲಿ ಎಂಟು ಗಂಟೆ ಓಡಿಸಲೇಬೇಕು. ಮೂರು ಕಾರ್ಟ್ರಿಜ್ ಇಟ್ಟುಕೊಂಡು ಒಂದನ್ನು ಓಡಿಸಿ, ಒಂದನ್ನು ತೊಳೆದು, ಒಂದನ್ನು ಒಣಗಿಸುತ್ತಿದ್ದರೆ ನಡೆಯುತ್ತದೆ. ಎರಡನೇ ಬೇಸಿಗೆಗೆ ಮರಳಿನ ಫಿಲ್ಟರ್ ಹಾಕಿದ್ದು ಒಳ್ಳೆಯದಾಯಿತು. ಅದಕ್ಕೆ 0.45ರಿಂದ 0.85 ಮಿ.ಮೀ. ಕಾಳಿನ ಸಿಲಿಕಾ ಮರಳೇ ಆಗಬೇಕು. ಎಂ-ಸ್ಯಾಂಡಿನ ಪುಡಿ ನೇರ ಪೂಲ್‌ಗೆ ಬರುತ್ತದೆ. ವಾಲ್ವ್ ತಿರುಗಿಸುವ ಮೊದಲು ಪಂಪ್ ನಿಲ್ಲಿಸಿ, ಇಲ್ಲವಾದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಬ್ಯಾಕ್‌ವಾಷ್ (ನೀರು ಹಿಮ್ಮುಖ ಹರಿಸಿ ಮರಳು ತೊಳೆಯುವುದು) ಎರಡು ನಿಮಿಷ, ರಿನ್ಸ್ ಅರ್ಧ ನಿಮಿಷ. ಓ-ರಿಂಗುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಸೋರುತ್ತದೆ.

ವಿದ್ಯುತ್ತಿನ ಕಡೆ: 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ಪಂಪಿಗೇ ಪ್ರತ್ಯೇಕ ಲೈನ್. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕರೆಂಟು ಹೋಗಿ ಬರುವುದರಿಂದ ಬ್ಯಾಟರಿ ಇರುವ ಟೈಮರ್ ಕೊಳ್ಳಿ. ಪಂಪನ್ನು ಗೋಡೆಗೆ ಒತ್ತಿ ಇಡಬೇಡಿ. ಏಣಿ ತೆಗೆದಿಟ್ಟರೂ ಪುಟ್ಟ ಮಕ್ಕಳು ಪಂಪನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ.

ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿ.ಮೀ. ಆವಿಯಾಗುವುದು ಸಹಜ, ಅಂದರೆ ಸುಮಾರು 100 ಲೀಟರ್. ಸೋರಿಕೆಯೋ ಆವಿಯೋ ಎಂದು ತಿಳಿಯಲು ಒಂದು ಬಕೆಟ್ಟಿಗೆ ನೀರು ತುಂಬಿ ಏಣಿಯ ಮೆಟ್ಟಿಲ ಮೇಲಿಡಿ, ಎರಡರಲ್ಲೂ ಗುರುತು ಹಾಕಿ ಒಂದು ದಿನ ಬಿಡಿ. ಪೂಲ್ ಹೆಚ್ಚು ಇಳಿದಿದ್ದರೆ ತೂತು ಹುಡುಕಿ. ತೇಪೆಗೆ ಪಿವಿಸಿ ವಿನೈಲ್ ತುಂಡು, ಅದರದ್ದೇ ಅಂಟು. ಸೈಕಲ್ ಪಂಕ್ಚರ್ ಸಲ್ಯೂಷನ್ ರಬ್ಬರಿಗೆ ಮಾಡಿದ್ದು, ಇಲ್ಲಿ ಹಿಡಿಯುವುದಿಲ್ಲ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಏಳುವುದಿಲ್ಲ.

ಮುಂಗಾರಿನಲ್ಲಿ ಖಾಲಿ ಮಾಡಿ ಮಡಚಿಡಬೇಕೆಂದು ಕೈಪಿಡಿ ಹೇಳುತ್ತದೆ. ಮಡಚಿಟ್ಟ ಲೈನರನ್ನು ಇಲಿ ಕಡಿದರೆ ಒಂದೇ ರಾತ್ರಿಯಲ್ಲಿ ಮಡಿಕೆಗೊಂದರಂತೆ ಹತ್ತು ತೂತು. ಇಡಲೇಬೇಕಾದರೆ ಪೂರ್ತಿ ಒಣಗಿಸಿ ತಗಡಿನ ಡ್ರಮ್ಮಿನಲ್ಲಿಡಿ. ತುಂಬಿದಂತೆಯೇ ಬಿಟ್ಟು ದಿನಕ್ಕೆ ಮೂರು ಗಂಟೆ ಪಂಪ್, ಸ್ವಲ್ಪ ಹೈಪೋ ಹಾಕುವುದೇ ಮೇಲು. 16,800 ಲೀಟರೂ ಉಳಿಯಿತು. ಹೊದಿಕೆಯ ಮೇಲೆ ನಿಂತ ಮಳೆನೀರನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಬೇಕು. ಡೆಂಗಿ ಸೊಳ್ಳೆ ಬೆಳೆಯುವುದು ಅಲ್ಲಿ, ಕ್ಲೋರಿನ್ ಇರುವ ಪೂಲ್‌ನಲ್ಲಲ್ಲ.

ತುಕ್ಕು ಶುರುವಾಗುವುದು ಕಾಲುಗಳಲ್ಲಲ್ಲ, ಮೇಲಿನ ಟಿ-ಜಾಯಿಂಟುಗಳಲ್ಲಿ. ಚಿಮ್ಮಿದ ನೀರು ಕೊಳವೆಯೊಳಗೆ ಇಳಿದು ಒಳಗಿನಿಂದ ತಿನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಲಾಗದಿದ್ದರೂ ಸಂದಿಗಳಿಗೆ ಸತುವಿನ ಸ್ಪ್ರೇ ಹೊಡೆಯಿರಿ. ಲೈನರ್‌ನ ನೀರಿಗಿಂತ ಮೇಲಿನ ನಾಲ್ಕಿಂಚು ಪಟ್ಟಿ ಈಗ ಬಿಸಿಲಿಗೆ ಬಿರುಸಾಗಿದೆ, ಇನ್ನೊಂದು ಬೇಸಿಗೆ ತಡೆದೀತು. ಕೊಳ್ಳುವ ಮೊದಲು ಮಾರುವವರನ್ನು ಕೇಳಬೇಕಾದದ್ದು ರಿಯಾಯಿತಿಯನ್ನಲ್ಲ, ಇದೇ ಅಳತೆಯ ಬಿಡಿ ಲೈನರ್, ಟಿ-ಜಾಯಿಂಟ್, ಪಂಪಿನ ಓ-ರಿಂಗ್ ಸಿಗುತ್ತವೆಯೇ ಎಂದು. ಕೊಂಡ ದಿನವೇ ಎರಡು ಟಿ-ಜಾಯಿಂಟ್ ಹೆಚ್ಚುವರಿ ತಂದಿಟ್ಟುಕೊಳ್ಳಿ. ಮೂರು ವರ್ಷದ ನಂತರ ಮಾದರಿ ಬದಲಾಗಿ, ಹಳೆಯ ಕೊಳವೆಯ ವ್ಯಾಸಕ್ಕೆ ಹೊಸದು ಕೂರುವುದಿಲ್ಲ.