ಮೆಕ್ಕೆಜೋಳಕ್ಕೆ ಡ್ರೋನ್ ಸಿಂಪಡಣೆ: ಜಗಳೂರು ಸೀಮೆಯ ಹೊಲವೊಂದರ ಅನುಭವ

2025ರ ಮುಂಗಾರಿನಲ್ಲಿ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ನಮ್ಮ ನಾಲ್ಕೂವರೆ ಎಕರೆ ಮೆಕ್ಕೆಜೋಳಕ್ಕೆ ಎರಡು ಸಲ ಡ್ರೋನಿನಿಂದ ಔಷಧಿ ಹೊಡೆಸಿದೆ. ಮೊದಲ ಸಲ ಬಂದವರು ಬಾಡಿಗೆಗೆ ಡ್ರೋನ್ ಓಡಿಸುವ ಖಾಸಗಿ ತಂಡದವರು. ಎರಡನೆಯ ಸಲ ಬಂದವರು ಮಹಿಳಾ ಸ್ವಸಹಾಯ ಸಂಘದ ಪರವಾಗಿ ತರಬೇತಿ ಪಡೆದ ಹೆಣ್ಣುಮಗಳು. ಯಂತ್ರ ಎರಡೂ ಒಂದೇ ಬಗೆಯದು, ಎರಡಕ್ಕೂ ಹತ್ತು ಲೀಟರಿನ ಟ್ಯಾಂಕು, ಬಾಡಿಗೆಯೂ ಎಕರೆಗೆ ಅದೇ 500 ರೂಪಾಯಿ. ಆದರೂ ಹೊಲದಲ್ಲಿ ಸಿಕ್ಕ ಫಲದಲ್ಲಿ ಬಹಳ ವ್ಯತ್ಯಾಸವಿತ್ತು. ಡ್ರೋನ್ ಕರೆಸಬೇಕೋ ಬೇಡವೋ ಎಂದು ಕೇಳುವ ರೈತರಿಗೆ ನನ್ನ ಉತ್ತರ ಕರೆಸಿ ಎಂದೇ. ಆದರೆ ಯಾರನ್ನು ಕರೆಸುತ್ತೀರಿ, ಯಾವ ಹೊತ್ತಿಗೆ ಕರೆಸುತ್ತೀರಿ, ಟ್ಯಾಂಕಿಗೆ ಏನನ್ನು ಎಷ್ಟು ಸುರಿಸುತ್ತೀರಿ ಎಂಬುದನ್ನು ನೀವೇ ನಿಂತು ನೋಡಿಕೊಳ್ಳದಿದ್ದರೆ ಬಾಡಿಗೆಯ ಜೊತೆಗೆ ಔಷಧಿಯ ದುಡ್ಡೂ ಗಾಳಿಗೆ ಹೋಗುತ್ತದೆ.

ನಾವು ಡ್ರೋನಿನ ಮೊರೆ ಹೋಗಲು ಮೊದಲ ಕಾರಣ ಆಳುಗಳ ಕೊರತೆ, ಎರಡನೆಯದು ನೀರು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಪಂಪಿನಲ್ಲಿ ಒಂದು ಎಕರೆ ಮೆಕ್ಕೆಜೋಳಕ್ಕೆ ಹತ್ತರಿಂದ ಹನ್ನೆರಡು ಟ್ಯಾಂಕು ಬೇಕು, ಅಂದರೆ ಸುಮಾರು 160ರಿಂದ 200 ಲೀಟರ್ ನೀರು. ಟ್ಯಾಂಕಿಗೆ 50 ರೂಪಾಯಿ ಕೂಲಿ ಕೊಡುತ್ತೇವೆಂದರೂ, ಆಳೆತ್ತರ ಬೆಳೆದ ಜೋಳದೊಳಗೆ ನುಗ್ಗಲು ಈಗ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪದಿರುವುದರಲ್ಲಿ ತಪ್ಪೂ ಇಲ್ಲ. ಗರಗಸದಂಥ ಎಲೆಯಂಚು ಕೈಗೂ ಮುಖಕ್ಕೂ ಗೀರುತ್ತದೆ, ಮೇಲಕ್ಕೆ ಹೊಡೆದ ಔಷಧಿ ಹೊಡೆದವನ ತಲೆಯ ಮೇಲೆಯೇ ಇಳಿಯುತ್ತದೆ, ಸಂಜೆ ಮನೆಗೆ ಬಂದು ಸ್ನಾನ ಮಾಡಿದರೂ ಕಣ್ಣುರಿ ನಿಲ್ಲುವುದಿಲ್ಲ. ನೀರಿನ ಕಷ್ಟವನ್ನು ಜಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸುವವರಿಗೆ, ನಾಲ್ಕೂವರೆ ಎಕರೆಗೆ 800 ಲೀಟರಿನ ಬದಲು 45 ಲೀಟರ್ ಸಾಕಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಔಷಧಿ ಹೊಡೆಯುವ ಪ್ರಮೇಯ ಬಂದದ್ದು ಸೈನಿಕ ಹುಳುವಿನಿಂದ. ಫಾಲ್ ಸೈನಿಕ ಹುಳು ನಮ್ಮ ರಾಜ್ಯದಲ್ಲಿ ಮೊದಲು ಕಾಣಿಸಿಕೊಂಡದ್ದು 2018ರಲ್ಲಿ. ಅಲ್ಲಿಂದೀಚೆಗೆ ಮೆಕ್ಕೆಜೋಳ ಬಿತ್ತಿದವರಿಗೆ ಅದು ವರ್ಷ ತಪ್ಪದ ಪೀಡೆಯಾಗಿದೆ. ಮೊಟ್ಟೆಯೊಡೆದ ಎಳೆಯ ಮರಿಗಳು ಎಲೆಯ ಹಸಿರನ್ನು ಕೆರೆದು ತಿಂದು ಬಿಳಿಯ ಪೊರೆಯನ್ನಷ್ಟೇ ಉಳಿಸುತ್ತವೆ. ಆ ಹಂತದಲ್ಲಿ ಹೊಡೆದರೆ ಸಾಯುತ್ತವೆ. ನಾಲ್ಕೈದು ದಿನ ತಡವಾದರೆ ಹುಳು ಸುಳಿಯೊಳಗೆ ಇಳಿದು, ಗರಗಸದ ಹೊಟ್ಟಿನಂಥ ತನ್ನ ಲದ್ದಿಯಿಂದಲೇ ಸುಳಿಯ ಬಾಯಿಗೆ ಬಿರಡೆ ಹಾಕಿಕೊಂಡು ಕೂರುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಹೊಡೆದರೂ ಔಷಧಿ ಅದಕ್ಕೆ ತಾಗುವುದು ಕಷ್ಟ. ಹಾಗಾಗಿ ಈ ಸೇವೆಯಲ್ಲಿ ಮೊದಲು ನೋಡಬೇಕಾದದ್ದು ಹೇಳಿದ ದಿನಕ್ಕೆ ಬರುತ್ತಾರೆಯೇ ಎಂಬುದನ್ನು.

ಮೊದಲ ತಂಡ ಸೋತದ್ದು ಇಲ್ಲಿಯೇ. ಬಿತ್ತಿದ ಇಪ್ಪತ್ತೆರಡನೆಯ ದಿನ, ಒಂದು ಸೋಮವಾರ ಬರುತ್ತೇವೆಂದವರು ಗುರುವಾರ ಬಂದರು. ಹತ್ತು ಎಕರೆಗಿಂತ ಕಡಿಮೆ ಇದ್ದರೆ ಗಾಡಿ ಹೊರಡಿಸುವುದು ಗಿಟ್ಟುವುದಿಲ್ಲ, ಪಕ್ಕದ ಊರಿನವರು ಸೇರಲಿ ಎಂದು ಕಾದೆವು ಎಂಬುದು ಅವರು ಕೊಟ್ಟ ಕಾರಣ. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ 2015–16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿಯೇ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಚಿಲ್ಲರೆ. ಸಣ್ಣ ಹಿಡುವಳಿಯ ಜನರ ನಡುವೆ ವ್ಯಾಪಾರ ಮಾಡಲು ಹೊರಟವರು ಹತ್ತು ಎಕರೆಯ ಷರತ್ತನ್ನು ಫೋನಿನಲ್ಲಿಯೇ ಹೇಳಿದ್ದರೆ ನಾನೇ ಅಕ್ಕಪಕ್ಕದವರನ್ನು ಒಟ್ಟುಗೂಡಿಸುತ್ತಿದ್ದೆ.

ಗುರುವಾರವಾದರೂ ಬೆಳಿಗ್ಗೆ ಬರಲಿಲ್ಲ. ಹೊಲಕ್ಕೆ ಬರುವಾಗ ಹನ್ನೊಂದು ಗಂಟೆ, ಆಷಾಢದ ಗಾಳಿ ಜೋರಾಗಿಯೇ ಬೀಸುತ್ತಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಅಂಥ ಗಾಳಿಯಲ್ಲಿ ಮಂಜಿನಂಥ ಹನಿಯನ್ನು ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ, "ಏನೂ ಆಗಲ್ಲ ಯಜಮಾನ್ರೆ, ರೆಕ್ಕೆ ಗಾಳಿನೇ ಔಷಧಿನ ಕೆಳಗೆ ತಳ್ಳುತ್ತೆ" ಎಂದರು. ರೆಕ್ಕೆಯ ಗಾಳಿ ಕೆಳಗೆ ತಳ್ಳುವುದು ನಿಜ. ಸುಳಿಯೊಳಗಿನ ಹುಳುವಿಗೆ ಕೈಪಂಪಿಗಿಂತ ಡ್ರೋನು ಒಳ್ಳೆಯದು ಎನ್ನುವುದಕ್ಕೆ ಆಧಾರವೂ ಅದೇ. ಆದರೆ ಪಡುವಣದಿಂದ ಬೀಸುವ ಗಾಳಿಯನ್ನು ಅದು ಗೆಲ್ಲಲಾರದು. ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಗೈಯಗಲ ಕತ್ತರಿಸಿ, ಬಿಳಿಯ ಬೆನ್ನು ಮೇಲೆ ಬರುವಂತೆ ಹೊಲದ ನಡುವೆ ಆರು, ಅಂಚಿನ ಸಾಲುಗಳಲ್ಲಿ ಆರು ಗಿಡಗಳ ಎಲೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದೆ. ಡ್ರೋನು ಹಾದುಹೋದ ಕೂಡಲೇ ಓಡಿ ಹೋಗಿ ನೋಡಿದರೆ ನಡುವಿನ ಹಾಳೆಗಳ ಮೇಲೆ ರಾಗಿಕಾಳಿನಷ್ಟು ಸಣ್ಣ ಹನಿಗಳು ಒತ್ತಾಗಿ ಕೂತಿದ್ದವು. ಪಡುವಣ ಅಂಚಿನ ಆರರಲ್ಲಿ ನಾಲ್ಕು ಹಾಳೆ ಒಣಗಿಯೇ ಇದ್ದವು. ಮೂಡಣ ಬದುವಿನ ಹುಲ್ಲು ಮಾತ್ರ ತೊಯ್ದಿತ್ತು.

ಅದಕ್ಕಿಂತ ದೊಡ್ಡ ತಪ್ಪು ಟ್ಯಾಂಕಿನಲ್ಲಿ ನಡೆಯಿತು. ಹುಳು ಕೊಲ್ಲುವ ಎಮಾಮೆಕ್ಟಿನ್ ಬೆಂಜೊಯೇಟ್ ಪುಡಿಯ ಜೊತೆಗೆ ಲಘು ಪೋಷಕಾಂಶದ ಪುಡಿ, ಅದರ ಮೇಲೆ ಎಲೆಗೆ ಹೊಡೆಯುವ ದ್ರವ ಗೊಬ್ಬರವಾದ ನ್ಯಾನೊ ಯೂರಿಯಾ, ಮೂರನ್ನೂ ಹತ್ತು ಲೀಟರ್ ನೀರಿಗೆ ಒಟ್ಟಿಗೆ ಸುರಿದರು. ಇನ್ನೂರು ಲೀಟರಿನಲ್ಲಿ ಕರಗುವ ಪುಡಿ ಹತ್ತು ಲೀಟರಿನಲ್ಲಿ ಕರಗದೆ ಸೋಸುವ ಜಾಲರಿಗೆ ಗಂಜಿಯಂತೆ ಹತ್ತಿಕೊಂಡಿತು. ಎರಡನೆಯ ಸುತ್ತಿನಲ್ಲಿ ಔಷಧಿ ಚಿಮ್ಮುವ ಒಂದು ನಾಜಲ್ ಕಟ್ಟಿಕೊಂಡು ತೊಟ್ಟಿಕ್ಕತೊಡಗಿದ್ದನ್ನು ಕೆಳಗಿನಿಂದ ನೋಡಿ ಹೇಳಿದವನು ನಾನು, ಓಡಿಸುವವರು ಮೊಬೈಲ್ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

ಔಷಧಿಯ ಪ್ರಮಾಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಸುತ್ತಿನಲ್ಲಿ ಬಹಳ ಜನ ಎಡವುತ್ತಿರುವುದು ಇಲ್ಲಿ. ಎಮಾಮೆಕ್ಟಿನ್ ಬೆಂಜೊಯೇಟ್ ಶೇ 5ರ ಪುಡಿಯನ್ನು ಲೀಟರ್ ನೀರಿಗೆ 0.4 ಗ್ರಾಂ ಹಾಕಬೇಕೆಂದು ಶಿಫಾರಸು ಇದೆ. ಇದು ಕೈಪಂಪಿನ ಲೆಕ್ಕ. ಎಕರೆಗೆ 200 ಲೀಟರ್ ನೀರು ಹಿಡಿದರೆ ಎಕರೆಗೆ ಬೀಳುವ ಪುಡಿ 80 ಗ್ರಾಂ. ಡ್ರೋನಿನಲ್ಲಿ ಕಡಿಮೆಯಾಗುವುದು ನೀರು ಮಾತ್ರ, ಎಕರೆಗೆ ಬೇಕಾದ ಔಷಧಿ ಅಷ್ಟೇ ಇರಬೇಕು. ಇಲ್ಲಿಯೂ ಲೀಟರಿಗೆ 0.4 ಗ್ರಾಮಿನಂತೆಯೇ ಲೆಕ್ಕ ಹಾಕಿ ಹತ್ತು ಲೀಟರಿಗೆ 4 ಗ್ರಾಂ ಬೆರೆಸಿದರೆ ಹುಳುವಿಗೆ ಏನೂ ಆಗುವುದಿಲ್ಲ, ಡ್ರೋನು ಕೆಲಸಕ್ಕೆ ಬಾರದ್ದು ಎಂಬ ಕೆಟ್ಟ ಹೆಸರು ಮಾತ್ರ ಉಳಿಯುತ್ತದೆ. ಅದೇ 80 ಗ್ರಾಂ ಹತ್ತು ಲೀಟರಿನಲ್ಲಿದ್ದಾಗ ದ್ರಾವಣ ಇಪ್ಪತ್ತು ಪಟ್ಟು ಗಟ್ಟಿಯಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಡ್ರೋನು ಒಂದೇ ಜಾಗದ ಮೇಲೆ ಎರಡು ಸಲ ಹಾದರೆ ಎಲೆ ಸುಡಬಹುದು, ಕೈಗವಸಿಲ್ಲದೆ ಕಲಸಿದವರ ಚರ್ಮಕ್ಕೆ ತಾಗುವುದೂ ಆ ಗಟ್ಟಿ ದ್ರಾವಣವೇ. ಮೊದಲ ತಂಡದವರು ಈ ಯಾವ ಮಾತನ್ನೂ ಹೇಳದೆ, "ಎಷ್ಟು ಹಾಕಲಿ?" ಎಂದು ನನ್ನನ್ನೇ ಕೇಳಿದರು. ಬಾಡಿಗೆ ಕೊಡುವವನು ಯಂತ್ರಕ್ಕೆ ಮಾತ್ರ ಕೊಡುವುದಿಲ್ಲ, ತಿಳಿವಳಿಕೆಗೂ ಸೇರಿಸಿ ಕೊಡುತ್ತಾನೆ.

ಮೂರನೆಯ ದಿನ ಹೊಲದ ನಡುವೆ ಇಪ್ಪತ್ತು, ಅಂಚಿನಲ್ಲಿ ಇಪ್ಪತ್ತು ಗಿಡಗಳ ಸುಳಿ ಬಿಡಿಸಿ ನೋಡಿದೆ. ನಡುವಿನ ಏಳು ಗಿಡಗಳಲ್ಲಿ, ಅಂಚಿನ ಹದಿನಾಲ್ಕು ಗಿಡಗಳಲ್ಲಿ ಹುಳು ಜೀವಂತವಾಗಿದ್ದವು. ಅಂಚಿನ ಸಾಲುಗಳಿಗೆ ಕೊನೆಗೆ ಹಳೆಯ ಉಪಾಯವನ್ನೇ ಮಾಡಬೇಕಾಯಿತು: ಎಕರೆಗೆ 10 ಕಿಲೊ ಅಕ್ಕಿ ತೌಡು, 2 ಕಿಲೊ ಬೆಲ್ಲವನ್ನು ಎರಡು ಮೂರು ಲೀಟರ್ ನೀರಿನಲ್ಲಿ ಕಲಸಿ ಒಂದು ದಿನ ಹುಳಿ ಬರಲು ಬಿಟ್ಟು, ಹಾಕುವ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ, ಚಿಟಿಕೆ ಚಿಟಿಕೆಯಾಗಿ ಸುಳಿಗೆ ಉದುರಿಸುವ ವಿಷ ಪಾಷಾಣ. ಕೈಗವಸು ಹಾಕಿಕೊಂಡು, ದನಕರುಗಳು ಹೊಲದ ಹತ್ತಿರ ಸುಳಿಯದಂತೆ ಕಾದು, ಮನೆಯವರೆಲ್ಲ ಸೇರಿ ಒಂದು ದಿನ ಪೂರ್ತಿ ಮಾಡಿದೆವು. ಆಳಿಲ್ಲವೆಂದು ಡ್ರೋನು ಕರೆಸಿದವರಿಗೆ ಆಳಿನ ಕೆಲಸ ಅಷ್ಟು ಉಳಿದೇ ಇತ್ತು.

ಎರಡನೆಯ ಸಿಂಪಡಣೆ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು ಬರುವ ಮುಂಚೆ, ಬೆಳೆ ನನ್ನ ತಲೆಯ ಮಟ್ಟಕ್ಕೆ ಬಂದಾಗ. ಆ ಹೆಣ್ಣುಮಗಳ ಸಂಘಕ್ಕೆ ಡ್ರೋನು ಬಂದದ್ದು ನಮೋ ಡ್ರೋನ್ ದೀದಿ ಯೋಜನೆಯಲ್ಲಿ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿಯಿದ್ದು, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿಯವರೆಗೆ ಸಹಾಯಧನವಿತ್ತು. ಬೆಳಿಗ್ಗೆ ಆರೂವರೆಗೆ ಹೊಲದಲ್ಲಿದ್ದ ಅವರು ಪೆಟ್ಟಿಗೆ ಬಿಚ್ಚುವ ಮುಂಚೆ ನಾಲ್ಕೂ ಬದುವಿನ ಮೇಲೆ ನಡೆದರು. ಪಂಪ್‌ಸೆಟ್ಟಿನ ತಂತಿ, ಬೇವಿನ ಮರ, ವಾಲಿದ ಕಂಬ, ಎಲ್ಲವನ್ನೂ ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಈ ಬದುವಿನ ಹುಲ್ಲು ದನಕ್ಕೆ ಹಾಕ್ತೀರೇನ್ರೀ?" ಹಾಕುತ್ತೇವೆ ಎಂದಾಗ, ಒಂದು ವಾರ ಕೊಯ್ಯಬೇಡಿ, ಈ ಕಡೆ ಕುರಿ ಬಿಡುವವರಿಗೂ ಇವತ್ತೇ ಹೇಳಿಬಿಡಿ ಎಂದರು. ಬೊಗಸೆಯಷ್ಟು ಮಣ್ಣು ಹಿಡಿದು ಮೇಲಿನಿಂದ ಉದುರಿಸಿ ಗಾಳಿಯ ದಿಕ್ಕು ನೋಡಿದರು. ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಕೀಟನಾಶಕದ ಶೇ 18.5ರ ದ್ರಾವಣವನ್ನು ಎಕರೆಗೆ 80 ಮಿಲಿಲೀಟರಿನಂತೆ ಅಳೆದು, ಮೊದಲು ಸಣ್ಣ ಬಕೆಟ್ಟಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿದರು.

ಮೊದಲ ಸಲ ಮಿಕ್ಕಿದ್ದ ನ್ಯಾನೊ ಯೂರಿಯಾ ಬಾಟಲಿಯನ್ನು ಜೊತೆಗೆ ಹಾಕಿಬಿಡಿ ಎಂದು ನಾನೇ ಕೊಡಹೋದಾಗ ಬೇಡವೆಂದರು. ಆ ವರ್ಷ ಯೂರಿಯಾಕ್ಕಾಗಿ ರೈತರು ಅಂಗಡಿಗಳ ಮುಂದೆ ಸರದಿ ನಿಂತದ್ದು ನೆನಪಿರಬಹುದು. ಚೀಲ ಸಿಗದಿದ್ದರೆ ಬಾಟಲಿ ಒಯ್ಯಿರಿ ಎಂಬ ಮಾತು ಆಗ ಎಲ್ಲ ಕಡೆ ಕೇಳಿಬರುತ್ತಿತ್ತು. 45 ಕಿಲೊದ ಒಂದು ಚೀಲ ಯೂರಿಯಾದಲ್ಲಿ 20.7 ಕಿಲೊ ಸಾರಜನಕವಿದೆ. 2021ರಲ್ಲಿ ಬಂದ ಶೇ 4ರ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿಯಲ್ಲಿದ್ದದ್ದು 20 ಗ್ರಾಂ. ಎಲೆಯ ಮೇಲೆ ಬಿದ್ದದ್ದು ಬೇಗ ಒಳಸೇರುತ್ತದೆ ಎಂದು ಒಪ್ಪಿದರೂ, ಮೆಕ್ಕೆಜೋಳದಂಥ ಹೊಟ್ಟೆಬಾಕ ಬೆಳೆಗೆ ಬಾಟಲಿಯನ್ನು ಚೀಲದ ಬದಲಿಗೆ ನಂಬುವ ಧೈರ್ಯ ನನಗಿಲ್ಲ.

ಐದು ಸುತ್ತಿನ ಹಾರಾಟ, ನಡುವೆ ಬ್ಯಾಟರಿ ಬದಲಾವಣೆ ಎಲ್ಲ ಸೇರಿ ಒಂದು ಗಂಟೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದಾಳೂ ಹೊಲದೊಳಗೆ ಇಳಿಯಲಿಲ್ಲ. ಕೊನೆಗೆ ಟ್ಯಾಂಕನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಕೊಳವೆಬಾವಿಯಿಂದ ದೂರ, ಹೊಲದೊಳಗೇ ಚೆಲ್ಲಿದರು. ಈ ಸಲವೂ ಕ್ಯಾಲೆಂಡರ್ ಹಾಳೆ ಚುಚ್ಚಿಟ್ಟಿದ್ದೆ. ಅಂಚಿನಲ್ಲಿ ಒಣಗಿ ಉಳಿದದ್ದು ಒಂದೇ, ಅದು ಬೇವಿನ ಮರದ ಕೆಳಗಿನದು. ಮೂರನೆಯ ದಿನ ನೋಡಿದಾಗ ನಡುವಿನ ಇಪ್ಪತ್ತರಲ್ಲಿ ಎರಡು, ಅಂಚಿನ ಇಪ್ಪತ್ತರಲ್ಲಿ ಐದು ಗಿಡಗಳಲ್ಲಿ ಹುಳು ಉಳಿದಿದ್ದವು. ಔಷಧಿಯೂ ಬೇರೆ, ಬೆಳೆಯ ಹಂತವೂ ಬೇರೆಯಾದ್ದರಿಂದ ಈ ಎರಡು ಎಣಿಕೆಗಳನ್ನು ನೇರವಾಗಿ ತೂಗಿ ನೋಡುವುದು ಪೂರ್ತಿ ನ್ಯಾಯವಲ್ಲ. ಆದರೆ ಅಂಚಿನ ಹಾಳೆಗಳು ಒಣಗಿದ್ದಕ್ಕೂ ಒದ್ದೆಯಾದದ್ದಕ್ಕೂ ಕಾರಣ ಓಡಿಸಿದವರೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೊರತೆಗಳು ಎರಡೂ ಕಡೆ ಇವೆ. ಮರದ ಕೆಳಗೆ, ವಿದ್ಯುತ್ ತಂತಿಯ ಬದಿಗೆ ಡ್ರೋನು ಹೋಗುವುದಿಲ್ಲ, ಅಲ್ಲಿಗೆ ಕೈಪಂಪೇ ಗತಿ. ಒಂದು ಎಕರೆಯೊಳಗಿನ ಡೊಂಕು ಪಟ್ಟಿಗಳಲ್ಲಿ ಬಿಟ್ಟುಹೋಗುವ ಅಂಚೇ ಹೆಚ್ಚಾಗುತ್ತದೆ. ಇಬ್ಬರೂ ಚೀಟಿ ಕೊಡಲಿಲ್ಲ. ಯಾವ ದಿನ, ಎಷ್ಟು ಎಕರೆಗೆ, ಯಾವ ಔಷಧಿಯನ್ನು ಎಷ್ಟು ಹೊಡೆದರು ಎಂದು ಬರೆದು ಸಹಿ ಹಾಕಿದ ಒಂದು ಚೀಟಿ ರೈತನ ಕೈಯಲ್ಲಿರಬೇಕು, ಪಕ್ಕದವರ ಬೆಳೆಗೋ ದನಕ್ಕೋ ತೊಂದರೆಯಾದರೆ ತೋರಿಸಲು ಬೇರೇನೂ ಇರುವುದಿಲ್ಲ. ಓಡಿಸುವವರ ಬಳಿ 2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರವಿದೆಯೇ ಎಂದು ಕೇಳಲು ಸಂಕೋಚ ಬೇಡ. ಆ ಹೆಣ್ಣುಮಗಳು ಕೇಳುವ ಮುಂಚೆಯೇ ತೋರಿಸಿದರು.

ಖರ್ಚಿನ ಮಾತು ಹೇಳುವುದಾದರೆ, ಎಕರೆಗೆ ಹನ್ನೆರಡು ಟ್ಯಾಂಕು ಹಿಡಿಯುವ ಕೈಪಂಪಿಗೆ ಹೋಲಿಸಿದರೆ ನನಗೆ ಎಕರೆಗೆ ನೂರು ರೂಪಾಯಿ, ಜೊತೆಗೆ ನೀರು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಉಳಿಯಿತು. 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದಿದ್ದರೂ ಕೊಯ್ಲಿನ ಹೊತ್ತಿಗೆ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿದು, ಖರೀದಿಗಾಗಿ ರೈತರು ರಸ್ತೆಗಿಳಿಯಬೇಕಾಯಿತು. ಆ ನಷ್ಟದ ಮುಂದೆ ಈ ಉಳಿತಾಯ ಸಣ್ಣದು. ಆದರೂ ಔಷಧಿ ಹೊಡೆದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕಣ್ಣುರಿಯಿಂದ ಎದ್ದು ಕೂರಲಿಲ್ಲ. ಅದಕ್ಕಾಗಿಯೇ 500 ರೂಪಾಯಿ ಕೊಡಲು ನಾನು ಸಿದ್ಧ.

ಮುಂದಿನ ಮುಂಗಾರಿಗೆ ನಮ್ಮ ಪಕ್ಕದ ಮೂವರು ಹೊಲದವರನ್ನು ಸೇರಿಸಿ ಹದಿನಾಲ್ಕು ಎಕರೆಗೆ ಆ ಹೆಣ್ಣುಮಗಳಿಗೇ ಈಗಲೇ ಹೇಳಿಟ್ಟಿದ್ದೇವೆ. ನಾಲ್ವರೂ ಒಂದೇ ವಾರದಲ್ಲಿ ಬಿತ್ತುವುದು, ಬಿತ್ತಿದ ದಿನವೇ ಅವರಿಗೆ ಫೋನ್ ಮಾಡುವುದು, ಹದಿನೆಂಟನೆಯ ದಿನ ನಾವೇ ಸುಳಿ ನೋಡಿ ಹುಳುವಿದ್ದರೆ ಮಾತ್ರ ಕರೆಸುವುದು, ಸಿಂಪಡಣೆ ಮುಗಿದ ಮೇಲೆ ನಾಲ್ವರಿಗೂ ಬೇರೆ ಬೇರೆ ಚೀಟಿ ಬರೆದುಕೊಡುವುದು ಎಂದು ಮಾತಾಗಿದೆ.